ಕಿಟ್ ಇಲ್ಲದವರನ್ನು ನೀರಿಗೆ ಬಿಡಬೇಕೆ?

ಬುಕ್ಕಾಪಟ್ಟಣ ಎಂದರೆ ಹೊರಗಿನವರಿಗೆ ಕುರುಚಲು ಕಾಡು ಮತ್ತು 2019ರಲ್ಲಿ ಘೋಷಣೆಯಾದ ಚಿಂಕಾರ ವನ್ಯಧಾಮ ನೆನಪಾಗುತ್ತದೆ. ಸಮುದ್ರ ಕಾಣದ ಈ ಸೀಮೆಯಲ್ಲಿ ಸ್ಕೂಬಾ ಡೈವರ್‌ಗಳ ಚರ್ಚೆ ಏಕೆ ಎಂದು ಕೇಳುವವರಿಗೆ ಉತ್ತರ ನಮ್ಮ ಕೆರೆಗಳಲ್ಲೇ ಇದೆ. ವರ್ಷಗಟ್ಟಲೆ ಬತ್ತಿದ್ದ ಕೆರೆಗಳು 2022ರ ಮಳೆಗೆ ತುಂಬಿ ಕೋಡಿ ಬಿದ್ದವು. ಬಾವಿಗಳು ಬತ್ತಿದ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಈಜು ಕಲಿಸಿದವರಿರಲಿಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಯಾವ ಕಡೆಯೇ ಆಗಲಿ, ಕೆರೆಯಲ್ಲೋ ಕೃಷಿ ಹೊಂಡದಲ್ಲೋ ಕ್ವಾರಿ ಗುಂಡಿಯಲ್ಲೋ ಯಾರಾದರೂ ಮುಳುಗಿದರೆ ಮೊದಲು ಇಳಿಯುವವನು ಊರಿನ ಈಜುಗಾರ. ಮೈಮೇಲೆ ಚಡ್ಡಿ, ಸೊಂಟಕ್ಕೆ ಹಗ್ಗ, ಅಷ್ಟೆ. ತರಬೇತಾದ ತಂಡ ಬರುವುದು ಆಮೇಲೆ. ಬಂದವರು ಇವನನ್ನು ಕಂಡು ಮೊದಲು ಹೇಳುವ ಮಾತು, "ಮೇಲೆ ಬಾರಪ್ಪಾ, ನಿನ್ನನ್ನೂ ಹುಡುಕೋ ಹಾಗೆ ಮಾಡಬೇಡ."

ಆ ಮಾತು ಸರಿಯೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಬಿಡಲೇಬೇಕು

ಉಸಿರು ನಿಂತ ಮೇಲೆ ನಾಲ್ಕೈದು ನಿಮಿಷದಲ್ಲಿ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕದ ವಾಹನ ಹೊರಟು ಹಳ್ಳಿಯ ಕೆರೆ ಏರಿ ಮುಟ್ಟುವಷ್ಟರಲ್ಲಿ ಆ ಗಡುವು ಎಷ್ಟು ಸಲ ದಾಟಿರುತ್ತದೋ ಲೆಕ್ಕ ಹಾಕಿ. ಬದುಕಿಸುವ ಅವಕಾಶ ಇರುವುದು ದಡದಲ್ಲಿ ನಿಂತವನ ಕೈಯಲ್ಲಿ ಮಾತ್ರ. ಅವನನ್ನು ಕಿಟ್ ಇಲ್ಲವೆಂದು ತಡೆದರೆ, ಬರುವ ತಂಡಕ್ಕೆ ಉಳಿಯುವುದು ಶವ ಎತ್ತುವ ಕೆಲಸ.

ನಮ್ಮ ಕೆರೆಗಳ ತಳವನ್ನು ಬಲ್ಲವರು ಯಾರು ಎಂಬ ಪ್ರಶ್ನೆಯೂ ಇದೆ. ನೀರಿಲ್ಲದ ವರ್ಷಗಳಲ್ಲಿ ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆಯಿತು. ಹೂಳೆತ್ತಲು ಬಂದ ಜೆಸಿಬಿ ಒಂದು ಕಡೆ ಮೊಣಕಾಲುದ್ದ, ಅದರ ಪಕ್ಕದಲ್ಲೇ ಎರಡಾಳುದ್ದ ಬಗೆದು ಹೋಯಿತು. ಈಗ ಅದೆಲ್ಲ ಕೆಂಪು ನೀರಿನಡಿ ಮುಚ್ಚಿದೆ. ಕಣ್ಣಿಗೆ ಅಂಗೈಯೂ ಕಾಣದ ಆ ನೀರಿನಲ್ಲಿ ಮುಖಕ್ಕೆ ಹಾಕಿದ ಗಾಜು ಕೆಲಸಕ್ಕೆ ಬರುವುದಿಲ್ಲ. ಬೆನ್ನಿಗೆ ಸಿಲಿಂಡರ್, ಎದೆಗೆ ಜಾಕೆಟ್, ನಾಲ್ಕು ಕಡೆ ಪೈಪು ಇಳಿಬಿಟ್ಟುಕೊಂಡವನು ಜಾಲಿಯ ಮುಳ್ಳಿಗೆ ಸಿಕ್ಕಿಕೊಳ್ಳುವ ಸಾಧ್ಯತೆಯೇ ಹೆಚ್ಚು. ದನ ಮೇಯಿಸುತ್ತಾ ಆ ಅಂಗಳವನ್ನು ದಿನವೂ ತುಳಿದವನಿಗೆ ಗುಂಡಿ ಎಲ್ಲಿ, ಬುಡ ಎಲ್ಲಿ ಎಂಬುದು ಕಾಲಿಗೇ ಗೊತ್ತು.

ಬಾವಿಯಲ್ಲಿ ಇದು ಇನ್ನೂ ನಿಜ. ಹಳೆಯ ಕಲ್ಲು ಕಟ್ಟಡದ ಬಾವಿಯೊಳಗೆ ಪಂಪಿನ ಪೈಪು, ವೈರು, ಹಗ್ಗ ಎಲ್ಲ ಇಳಿದಿರುತ್ತವೆ. ಅಲ್ಲಿ ಮೊದಲು ಕೆಲಸಕ್ಕೆ ಬರುವುದು ಪಾತಾಳಗರಡಿ. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆ ನೇತುಬಿಟ್ಟ ಆ ಸಾಧನವನ್ನು ಬಿದ್ದ ಬಿಂದಿಗೆ ತೆಗೆಯಲೆಂದೇ ಮಾಡಿದ್ದು. ಬಟ್ಟೆಗೆ ಕೊಕ್ಕೆ ತಗುಲಿದರೆ ಆಳಿನ ದೇಹವನ್ನೂ ಎತ್ತುತ್ತದೆ, ಯಾರೂ ನೀರಿಗಿಳಿಯದೆಯೇ. ಯಾವ ಸ್ಕೂಬಾ ಪಠ್ಯದಲ್ಲೂ ಇಲ್ಲದ ಈ ವಿಧಾನವನ್ನು ಹಳ್ಳಿಗಾಡಿನದು ಎಂದು ತಳ್ಳಿಹಾಕುವುದು ಅರಿವಿನ ಕೊರತೆ.

ಇನ್ನು, ಇವತ್ತಿನ ನಿಯಮದ ಕಿಟ್ ನಿನ್ನೆ ಏನಾಗಿತ್ತು? ಫ್ರಾನ್ಸಿನ ಕೂಸ್ತೊ ಮತ್ತು ಗಾನ್ಯಾನ್ 1943ರಲ್ಲಿ ನೀರೊಳಗೆ ಉಸಿರಾಡುವ ಆಕ್ವಾಲಂಗ್ ಸಾಧನ ರೂಪಿಸಿದ ಮೇಲೆ ಎಷ್ಟೋ ವರ್ಷ ಡೈವರ್‌ಗಳು ಗಾಳಿ ತುಂಬುವ ಜಾಕೆಟ್ ಇಲ್ಲದೆ, ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮೀಟರ್ ಇಲ್ಲದೆ ಇಳಿದರು. ಸಿಲಿಂಡರನ್ನು ಬೆನ್ನಿನಿಂದ ಬಿಚ್ಚಿ ಪಕ್ಕೆಗೆ ಕಟ್ಟಿಕೊಳ್ಳುವುದು ಗುಹೆಯ ಇಕ್ಕಟ್ಟಿಗಾಗಿ ಕೆಲವರು ಮಾಡಿಕೊಂಡ ಉಪಾಯ. ಈಗ ಅದಕ್ಕೆಂದೇ ಕೋರ್ಸುಗಳಿವೆ. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಸಿಕ್ಕಿಬಿದ್ದ ಹನ್ನೆರಡು ಹುಡುಗರು ಮತ್ತು ಅವರ ಕೋಚನ್ನು ಜುಲೈ 2ರಂದು ಪತ್ತೆ ಮಾಡಿದವರು ಯಾವ ಸೇನೆಯವರೂ ಅಲ್ಲ. ಒಬ್ಬರು ನಿವೃತ್ತ ಅಗ್ನಿಶಾಮಕ ನೌಕರ ರಿಕ್ ಸ್ಟಾಂಟನ್, ಇನ್ನೊಬ್ಬರು ಕಂಪ್ಯೂಟರ್ ಕೆಲಸದ ಜಾನ್ ವೊಲಾಂಥೆನ್. ಗುಹೆ ಡೈವಿಂಗ್ ಅವರಿಗೆ ಹವ್ಯಾಸ. ತಮಗೆ ಬೇಕಾದಂತೆ ತಾವೇ ಮಾರ್ಪಡಿಸಿಕೊಂಡ ಸಾಧನಗಳೊಡನೆ ಅವರು ಒಳಗೆ ಹೋದರು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಮಲ್ಪೆಯ ಈಶ್ವರ ಮಲ್ಪೆ ಇದ್ದಾರೆ. ಕರಾವಳಿಯ ಹೊಳೆ, ಸಮುದ್ರ, ಬಾವಿಗಳಿಂದ ಎಷ್ಟೋ ಜನರನ್ನು ಮೇಲೆತ್ತಿದವರು ಅವರು, ಸರ್ಕಾರಿ ನೌಕರಿಯಲ್ಲಿದ್ದು ಅಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಕೇರಳದ ಲಾರಿ ಗಂಗಾವಳಿ ನದಿ ಸೇರಿದಾಗ, ಹರಿವಿನ ಸೆಳೆತ ನೌಕಾಪಡೆಯ ಡೈವರ್‌ಗಳು ಇಳಿಯುವ ಮಿತಿಯನ್ನು ಮೀರಿತ್ತು. ಅಂಥ ನೀರಿಗೆ ಈಶ್ವರ ಮಲ್ಪೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಆಗಸ್ಟಿನಲ್ಲಿ ಮತ್ತೆ ಬಂದು ಆ ಲಾರಿಯ ಜಾಕನ್ನು ಹುಡುಕಿ ತೆಗೆದರು. ಇಂಥವರನ್ನು ಕಿಟ್ ನೋಡಿ ಅಳೆಯಬಾರದು.

ಒಂದು ಸ್ಕೂಬಾ ಸೆಟ್ಟಿಗೆ ಲಕ್ಷದ ಆಸುಪಾಸು ಬೇಕು. ಕೂಲಿ ಮಾಡುವವನು ಅದನ್ನು ತರುವುದೆಲ್ಲಿಂದ?

ವಿರೋಧ: ಬಿಡಬಾರದು

ಶಿರೂರಿನ ಕಥೆಯನ್ನು ಪೂರ್ತಿ ಹೇಳಬೇಕು. ಜುಲೈ ಕೊನೆಯ ಆ ಮುಳುಗಿನಲ್ಲಿ ಈಶ್ವರ ಮಲ್ಪೆಯವರ ಹಗ್ಗ ಕಡಿದು, ಅವರು ಸೆಳೆತಕ್ಕೆ ಸಿಕ್ಕಿ ದೂರ ಕೊಚ್ಚಿಹೋದರು. ಅವರನ್ನು ಹಿಡಿದು ತಂದವರು ನೌಕಾಪಡೆಯವರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಗೋವಾದಿಂದ ಡ್ರೆಜರ್ ತಂದು ಮಣ್ಣು ತೆಗೆದ ಮೇಲೆ. ಅವರ ಧೈರ್ಯಕ್ಕೆ ಕೈ ಮುಗಿಯೋಣ. ಆದರೆ ಮಿತಿ ಮೀರಿದ ನೀರು ಧೈರ್ಯಶಾಲಿಗೂ ಮಿತಿ ಮೀರಿದ್ದೇ. ಒಬ್ಬನು ಇಳಿದರೆ ಅವನನ್ನು ಕಾಯಲು ಇನ್ನು ನಾಲ್ವರ ಜೀವ ಪಣಕ್ಕೆ ಬೀಳುತ್ತದೆ. ಕೆರೆಗೆ ಬಟ್ಟೆ ತೊಳೆಯಲು ಹೋದ ತಾಯಿ, ಜಾರಿದ ಮಗಳು, ಎಳೆಯಲು ಹೋದ ತಂಗಿ, ಹೀಗೆ ಒಂದೇ ಮನೆಯ ಮೂರು ಹೆಣ ಸಾಲಾಗಿ ಮಲಗಿದ್ದನ್ನು ನಮ್ಮ ಪತ್ರಿಕೆಗಳು ಮತ್ತೆ ಮತ್ತೆ ಅಚ್ಚು ಹಾಕಿವೆ. ಜಾರಿದವಳೊಬ್ಬಳನ್ನು ಬಿಟ್ಟರೆ ಉಳಿದವರು ಉಳಿಸಲೆಂದೇ ಇಳಿದವರು.

ಊರಿನ ಈಜುಗಾರ ಮುಳುಗುವ ಮುನ್ನ ಮಾಡುವುದೇನು ಗಮನಿಸಿ. ದಡದಲ್ಲಿ ನಿಂತು ಬಿರುಸಾಗಿ ಹತ್ತಾರು ಸಲ ಉಸಿರು ಎಳೆದು ಬಿಡುತ್ತಾನೆ. ದಮ್ಮು ಹೆಚ್ಚು ಹೊತ್ತು ಬರುತ್ತದೆ ಎಂಬ ನಂಬಿಕೆ. ಆ ಉಸಿರಾಟದಿಂದ ದೇಹಕ್ಕೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಹೊರಹೋಗುತ್ತದೆ. ಉಸಿರು ಬೇಕೆಂದು ಮಿದುಳಿಗೆ ಎಚ್ಚರಿಕೆ ಕೊಡುವುದೇ ಆ ಅನಿಲ. ಎಚ್ಚರಿಕೆ ಬಾರದೆ ಆಮ್ಲಜನಕ ಮುಗಿಯುತ್ತದೆ, ಆಸಾಮಿ ನೀರೊಳಗೇ ಪ್ರಜ್ಞೆ ತಪ್ಪುತ್ತಾನೆ. ಒದ್ದಾಟವಿಲ್ಲ, ಕೂಗಿಲ್ಲ. ದಡದಲ್ಲಿದ್ದವರು ಇನ್ನೂ ಹುಡುಕುತ್ತಿದ್ದಾನೆ ಎಂದೇ ತಿಳಿದಿರುತ್ತಾರೆ. ಒಳ್ಳೆಯ ಈಜುಗಾರರೇ ಹೀಗೆ ಹೋಗುವುದು.

ಹಾಗಾದರೆ ಕಿಟ್ ಕೊಟ್ಟುಬಿಡಿ ಎನ್ನುವವರು ಇನ್ನೊಂದು ಅಪಾಯಕ್ಕೆ ಬಾಗಿಲು ತೆಗೆಯುತ್ತಾರೆ. ಸ್ಕೂಬಾದ ಮೊದಲ ಪಾಠ, ಉಸಿರು ಕಟ್ಟಬೇಡ. ಹತ್ತು ಮೀಟರ್ ಆಳದಲ್ಲಿ ಒತ್ತಡ ನೆಲದ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಸಿಲಿಂಡರಿನಿಂದ ಶ್ವಾಸಕೋಶ ತುಂಬ ಎಳೆದ ಗಾಳಿ ಮೇಲೆ ಬರುತ್ತಾ ಎರಡು ಪಟ್ಟು ಹಿಗ್ಗುತ್ತದೆ. ಬಾಲ್ಯದಿಂದ ದಮ್ಮು ಹಿಡಿದೇ ಮುಳುಗಿದವನು ರೂಢಿಯಂತೆ ಬಾಯಿ ಮುಚ್ಚಿ ಮೇಲೆ ಚಿಮ್ಮಿದರೆ ಶ್ವಾಸಕೋಶ ಹರಿಯುತ್ತದೆ. ಅವನ ಅನುಭವವೇ ಅವನನ್ನು ಕೊಲ್ಲುತ್ತದೆ. ಸಿಕ್ಕಿದ ಸಿಲಿಂಡರ್ ಆದೀತು ಎಂಬುದೂ ಸುಳ್ಳು. ಸ್ಕೂಬಾ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಶುದ್ಧೀಕರಿಸಿ ಒತ್ತಿ ತುಂಬಿದ ಮಾಮೂಲಿ ಗಾಳಿ. ಆಸ್ಪತ್ರೆಯ ಅಥವಾ ವೆಲ್ಡಿಂಗ್ ಅಂಗಡಿಯ ಶುದ್ಧ ಆಮ್ಲಜನಕವನ್ನು ಆರೇಳು ಮೀಟರಿಗಿಂತ ಆಳದಲ್ಲಿ ಉಸಿರಾಡಿದರೆ ಫಿಟ್ಸ್ ಬರಬಹುದು. ಫಿಲಿಪೀನ್ಸಿನ ಬಡ ಮೀನುಗಾರರು ಕಂಪ್ರೆಸರ್ ಪೈಪನ್ನು ಬಾಯಲ್ಲಿ ಕಚ್ಚಿ ಇಳಿಯುತ್ತಾರೆ, ಕೈಕಾಲು ಸ್ವಾಧೀನ ಕಳೆದುಕೊಂಡವರೂ ಸತ್ತವರೂ ಅವರಲ್ಲಿ ಇದ್ದಾರೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಗಾಳಿಗೆ ಎಣ್ಣೆಯ ಆವಿ, ಹೊಗೆ ಸೇರಿರುತ್ತದೆ.

ಡೈವರ್‌ಗಳು ಇನ್ನೊಬ್ಬರ ವಿಚಿತ್ರ ಸಾಧನ ಕಂಡರೆ ಹುಬ್ಬು ಗಂಟಿಕ್ಕುವುದಕ್ಕೆ ಜಂಭ ಕಾರಣ ಎಂದು ತಿಳಿಯುವವರಿದ್ದಾರೆ. ನಿಜವಾದ ಕಾರಣ ಬೇರೆ. ಕರಾವಳಿಯ ನೇತ್ರಾಣಿ ದ್ವೀಪದ ತಿಳಿನೀರಿನಲ್ಲೇ ಆಗಲಿ, ನಮ್ಮ ಕೆಂಪು ಕೆರೆಯಲ್ಲೇ ಆಗಲಿ, ಜೊತೆಗಾರನ ಗಾಳಿ ಮುಗಿದರೆ ತನ್ನ ಎರಡನೆಯ ಪೈಪನ್ನು ಅವನ ಬಾಯಿಗಿಡಬೇಕು. ಅದು ಎಲ್ಲರ ಮೈಮೇಲೂ ಒಂದೇ ಜಾಗದಲ್ಲಿದ್ದರೆ ಕತ್ತಲಲ್ಲೂ ಕೈ ನೇರ ಅಲ್ಲಿಗೇ ಹೋಗುತ್ತದೆ. ಅಮೆರಿಕದ ಗುಹೆ ಡೈವರ್ ಶೆಕ್ ಎಕ್ಸ್‌ಲಿ 1979ರ ತಮ್ಮ ಪುಸ್ತಕದಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ನಿಯಮ ತೆಗೆದರು: ಹೊರಗಿನವರೆಗೆ ಕಡಿಯದ ಹಗ್ಗ ಇರಲಿ, ಮೂರರಲ್ಲಿ ಒಂದು ಪಾಲು ಗಾಳಿ ಮುಗಿಯುತ್ತಿದ್ದಂತೆ ಹಿಂತಿರುಗು. ಒಂದೊಂದು ನಿಯಮದ ಹಿಂದೆಯೂ ಹೆಣಗಳಿವೆ.

ಥಾಮ್ ಲುವಾಂಗ್ ಉದಾಹರಣೆ ವಿರೋಧದ ವಾದಕ್ಕೇ ಬಲ ಕೊಡುತ್ತದೆ. ಸ್ಟಾಂಟನ್ ಮತ್ತು ವೊಲಾಂಥೆನ್ ಸಾಧನ ಬದಲಿಸಿಕೊಂಡದ್ದು ದಶಕಗಳ ಅಭ್ಯಾಸದಿಂದ, ಯಾವುದನ್ನು ಏಕೆ ಬದಲಿಸುತ್ತಿದ್ದೇವೆ ಎಂಬ ಅರಿವಿನಿಂದ. ಅದೇ ಗುಹೆಯಲ್ಲಿ ಜುಲೈ 6ರಂದು ಪ್ರಾಣ ಬಿಟ್ಟ ಸಮನ್ ಕುನಾನ್ ಥಾಯ್ ನೌಕಾಪಡೆಯ ಸೀಲ್ ತಂಡದ ಮಾಜಿ ಯೋಧ. ಅಂಥವರೇ ಉಳಿಯದ ಕಡೆ ಚಡ್ಡಿ ಹಾಕಿದ ಹುಡುಗನನ್ನು ಹೇಗೆ ಬಿಡುವುದು?

ಮರುಮಾತು

ಪರವಾದಿಗಳು ಒಂದನ್ನು ಒಪ್ಪುತ್ತಾರೆ: ದಮ್ಮು ಹಿಡಿಯುವ ಮುನ್ನ ಬಿರುಸು ಉಸಿರಾಟ ಬೇಡ, ತರಬೇತಿ ಇಲ್ಲದೆ ಸಿಲಿಂಡರ್ ಬೇಡ. ಆದರೆ ಇವನ್ನು ಹಳ್ಳಿಗೆ ಬಂದು ಹೇಳಿಕೊಟ್ಟವರು ಯಾರು ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ವಿರೋಧಿಗಳ ಬಳಿ ಉತ್ತರವಿಲ್ಲ.

ನಮ್ಮ ಮಾತು

ಮುಳುಗಿ ಕೆಲವೇ ನಿಮಿಷಗಳಾಗಿದ್ದರೆ ಊರವನನ್ನು ತಡೆಯಬಾರದು. ಆದರೆ ಸೊಂಟಕ್ಕೆ ಹಗ್ಗ, ಆ ಹಗ್ಗದ ತುದಿ ಹಿಡಿದ ಇಬ್ಬರು, ಕೈಯಲ್ಲಿ ಟ್ಯೂಬು ಅಥವಾ ಖಾಲಿ ಕ್ಯಾನು ಇಲ್ಲದೆ ಅವನೂ ಇಳಿಯಬಾರದು. ಗಂಟೆಗಳು ಕಳೆದ ಮೇಲೆ ಅದು ಹುಡುಕಾಟ, ಅಲ್ಲಿ ಅವಸರಕ್ಕೆ ಅರ್ಥವಿಲ್ಲ. ಆಗ ನಿಯಮ ಬಲ್ಲವರ ಮಾತೇ ಕೊನೆಯದು. ಆದರೆ ಆ ನಿಯಮ ಬಲ್ಲವರು ದಡಕ್ಕೆ ಬಂದು ಕೇಳಬೇಕಾದ ಮೊದಲ ಪ್ರಶ್ನೆ, "ಈ ಕೆರೆಯ ಗುಂಡಿ ಎಲ್ಲಿದೆಯಪ್ಪಾ?" ಎಂಬುದು. ಹಾಗೆ ಕೇಳಿದರೆ ಅವರ ಜೀವವೂ ಉಳಿಯುತ್ತದೆ.

ನಾಲ್ಕೂ ತಾಲ್ಲೂಕುಗಳ ಆಡಳಿತ ಪ್ರತಿ ಪಂಚಾಯಿತಿಯಿಂದ ಇಬ್ಬರು ಮೂವರು ಈಜುಗಾರರನ್ನು ಗುರುತಿಸಿ, ಅಗ್ನಿಶಾಮಕ ಠಾಣೆಯಲ್ಲಿ ತರಬೇತಿ ಕೊಟ್ಟು, ವಿಮೆ ಮಾಡಿಸಿ, ಹೆಸರು ಮತ್ತು ಫೋನ್ ನಂಬರನ್ನು ಠಾಣೆಗಳಲ್ಲಿ ಇಡಲಿ. ಇದಕ್ಕೆ ಬೇಕಾಗುವ ಹಣ ದೊಡ್ಡದಲ್ಲ.

ರೈತರಲ್ಲೂ ಒಂದು ವಿನಂತಿ. ಕೃಷಿ ಹೊಂಡದ ಪ್ಲಾಸ್ಟಿಕ್ ಹಾಸಿನ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವನೂ ಹತ್ತಿ ಬರಲಾರ. ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಡಿ, ಒಂದು ಹಳೇ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿ ನೀರಿನ ಮೇಲೆ ತೇಲಿಬಿಡಿ, ಸುತ್ತ ಬೇಲಿ ಹಾಕಿ. ಅವಘಡವಾದರೆ ಒಬ್ಬರು ಹಗ್ಗ ಎಸೆಯುವಾಗ ಇನ್ನೊಬ್ಬರು 112ಕ್ಕೆ ಕರೆ ಮಾಡಿ.