ಒಂಬತ್ತು ಪಂದ್ಯಗಳ ನ್ಯಾಯ

2022ರ ನವೆಂಬರಿನಲ್ಲಿ ಬೆಂಗಳೂರು ಎಫ್‌ಸಿ ತಂಡವು ಮುಂಬಯಿಗೆ ಹೋಗಿ ಮುಂಬಯಿ ಸಿಟಿಯ ಎದುರು 4-0 ಅಂತರದಿಂದ ಸೋತು ಬಂದಿತು. 2023ರ ಡಿಸೆಂಬರ್ 8ರಂದು, ತನ್ನ ಸ್ವಂತ ಅಂಗಳವಾದ ಕಂಠೀರವದಲ್ಲಿಯೇ, ಅದೇ ಎದುರಾಳಿಗೆ ಅದೇ 4-0 ಅಂತರದಿಂದ ಮತ್ತೊಮ್ಮೆ ಸೋತಿತು. ಎರಡು ಸಲವೂ ತಂಡದ ತರಬೇತುದಾರರಾಗಿದ್ದವರು ಇಂಗ್ಲೆಂಡಿನ ಸೈಮನ್ ಗ್ರೇಸನ್ ಅವರೇ. ಮೊದಲನೆಯ ಸೋಲಿನ ಬಳಿಕ ಅವರ ಕೆಲಸ ಉಳಿಯಿತು. ಎರಡನೆಯದರ ಮರುದಿನವೇ ಹೋಯಿತು. ಒಂದೇ ಅಪರಾಧಕ್ಕೆ ಒಮ್ಮೆ ಕ್ಷಮೆಯನ್ನೂ ಇನ್ನೊಮ್ಮೆ ಬಹಿಷ್ಕಾರವನ್ನೂ ವಿಧಿಸುವ ನ್ಯಾಯಪೀಠವು ಯಾವ ಸಂಹಿತೆಯನ್ನು ಮುಂದಿಟ್ಟುಕೊಂಡು ತೀರ್ಪು ಕೊಡುತ್ತದೆ ಎಂದು ಕೇಳುವ ಹಕ್ಕು ಆಟವನ್ನು ಪ್ರೀತಿಸುವ ಪ್ರತಿಯೊಬ್ಬನಿಗೂ ಉಂಟು, ಮತ್ತು ಆ ಹಕ್ಕನ್ನು ನಾನು ಇಲ್ಲಿ ಚಲಾಯಿಸಬಯಸುತ್ತೇನೆ.

ಯಾದಗಿರಿ ಸೀಮೆಯ ಬಳಿಚಕ್ರದಲ್ಲಿ ಕುಳಿತವನಿಗೆ ಬೆಂಗಳೂರಿನ ಕಾಲ್ಚೆಂಡಿನ ಗೊಡವೆ ಏಕೆಂದು ನನ್ನ ಮಿತ್ರರು ಕೇಳುವುದುಂಟು. ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಹಳ್ಳಿಗಳಿಂದ ಗುಳೆ ಹೋಗಿ ಆ ನಗರದ ಕಟ್ಟಡಗಳನ್ನು ಕಟ್ಟುತ್ತಿರುವ ಹುಡುಗರಲ್ಲಿ ನನ್ನ ತಂಗಿಯ ಮಗನೂ ಒಬ್ಬ. ವಾರವೆಲ್ಲ ಸಿಮೆಂಟಿನ ಧೂಳಿನಲ್ಲಿ ದುಡಿದು, ಪಂದ್ಯದ ಸಂಜೆ ನೀಲಿ ಅಂಗಿಯನ್ನು ತೊಟ್ಟು ಕಂಠೀರವದ ಮೆಟ್ಟಿಲ ಮೇಲೆ ನಿಂತಾಗ ಮಾತ್ರ ಆ ಊರು ತನ್ನದೂ ಹೌದೆಂದು ಅವನಿಗೆ ಅನ್ನಿಸುತ್ತದಂತೆ. ಅವನ ಜೊತೆಯಲ್ಲಿ ಒಮ್ಮೆ ನಾನೂ ಹೋಗಿ ನಿಂತಿದ್ದೇನೆ. ಅದಲ್ಲದೆ ಈ ಕ್ಲಬ್ಬಿನ ಎಳೆಯರ ವಸತಿ ಅಕಾಡೆಮಿ ಇರುವುದು ನಮ್ಮ ಕಲ್ಯಾಣ ಕರ್ನಾಟಕದಲ್ಲಿಯೇ, ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ. ಆದುದರಿಂದ ಈ ವಿಷಯವನ್ನು ಪರಕೀಯವೆಂದು ನಾನು ಭಾವಿಸಲಾರೆ.

ಮೊದಲು ಗ್ರೇಸನ್ನರ ಪ್ರಕರಣವನ್ನು ಪೂರ್ತಿಯಾಗಿ ನೋಡೋಣ. 2022ರ ಜೂನಿನಲ್ಲಿ ಬಂದ ಅವರು ಸೆಪ್ಟೆಂಬರಿನಲ್ಲಿಯೇ ಡ್ಯುರಾಂಡ್ ಕಪ್ ಗೆದ್ದುಕೊಟ್ಟರು. ಅನಂತರ ಆರಂಭವಾದ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ನ ಮೊದಲ ಹನ್ನೆರಡು ಪಂದ್ಯಗಳಲ್ಲಿ ತಂಡವು ಎಂಟನ್ನು ಸೋತು, ಕೇವಲ ಹತ್ತು ಅಂಕಗಳನ್ನು ಗಳಿಸಿ, ಪಟ್ಟಿಯ ಕೆಳಭಾಗದಲ್ಲಿ ಕುಸಿದು ಬಿದ್ದಿತ್ತು. ಅಂದಿನ ಪರಿಸ್ಥಿತಿಯಲ್ಲಿ ತರಬೇತುದಾರನನ್ನು ತೆಗೆದುಹಾಕಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆದರೆ ಆಡಳಿತವು ತಾಳಿತು. ತಾಳಿದುದರ ಫಲವಾಗಿ ತಂಡವು ಉಳಿದ ಎಂಟು ಪಂದ್ಯಗಳಲ್ಲಿ ಎಂಟನ್ನೂ ಗೆದ್ದು, ಅದುವರೆಗೆ ಅಜೇಯವಾಗಿದ್ದ ಮುಂಬಯಿಯನ್ನೂ ಮಣಿಸಿ, 34 ಅಂಕಗಳೊಡನೆ ನಾಲ್ಕನೆಯ ಸ್ಥಾನಕ್ಕೇರಿ, ಕೊನೆಗೆ 2023ರ ಮಾರ್ಚ್ 18ರಂದು ಗೋವೆಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎಟಿಕೆ ಮೋಹನ್ ಬಾಗಾನಿನೆದುರು 2-2ರ ಸಮಬಲ ಸಾಧಿಸಿ ಪೆನಾಲ್ಟಿ ಹೊಡೆತಗಳಲ್ಲಿ ಮಾತ್ರ ಪ್ರಶಸ್ತಿಯನ್ನು ಕಳೆದುಕೊಂಡಿತು. ತಾಳ್ಮೆಗೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣವನ್ನು ಯಾವ ಕ್ಲಬ್ಬು ತಾನೆ ಬಯಸೀತು?

ಅದಾದ ಬೇಸಿಗೆಯಲ್ಲಿ ತಂಡವನ್ನು ಬಿಚ್ಚಿ ಮತ್ತೆ ಹೆಣೆಯಲಾಯಿತು. ರಾಯ್ ಕೃಷ್ಣ ಒಡಿಶಾಕ್ಕೆ ಹೋದರು, ಸಂದೇಶ್ ಝಿಂಗನ್ ಮತ್ತು ಉದಾಂತ ಸಿಂಗ್ ಗೋವೆಗೆ ಹೋದರು. ಕರ್ಟಿಸ್ ಮೇನ್, ರಯಾನ್ ವಿಲಿಯಮ್ಸ್ ಮೊದಲಾದವರು ಹೊಸದಾಗಿ ಬಂದರು. ಬೆನ್ನೆಲುಬಿನ ಎಲುಬುಗಳನ್ನೇ ಬದಲಿಸಿಕೊಂಡ ದೇಹವು ಎದ್ದು ನಡೆಯುವುದಕ್ಕೆ ಕಾಲ ಬೇಕೆಂಬುದು ಕಟ್ಟಿದವರಿಗೆ ಗೊತ್ತಿರಬೇಕಾಗಿತ್ತು. ಹಾಗಿದ್ದೂ ಒಂಬತ್ತು ಪಂದ್ಯಗಳು ಮುಗಿಯುವಷ್ಟರಲ್ಲಿ, ಒಂದು ಗೆಲುವು, ನಾಲ್ಕು ಸಮಬಲ, ನಾಲ್ಕು ಸೋಲುಗಳ ಲೆಕ್ಕವನ್ನು ಮುಂದಿಟ್ಟು, ಹಿಂದಿನ ವರ್ಷ ತಾನೇ ಕಲಿತ ಪಾಠವನ್ನು ಆಡಳಿತವು ತಾನೇ ಅಳಿಸಿಹಾಕಿತು. ಆ ಋತುವಿನ ಅಂತ್ಯದಲ್ಲಿ ತಂಡ ನಿಂತದ್ದು ಹನ್ನೆರಡರಲ್ಲಿ ಹತ್ತನೆಯ ಸ್ಥಾನದಲ್ಲಿ. ಹೊಸ ತರಬೇತುದಾರರ ಕೈಯಲ್ಲಿ ಅಂಕಗಳು ಸ್ವಲ್ಪ ಹೆಚ್ಚಿದವೆಂಬುದನ್ನು ಒಪ್ಪುತ್ತೇನೆ. ಆದರೆ ಯಾವ ಅನಾಹುತವನ್ನು ತಪ್ಪಿಸಲೆಂದು ಮನುಷ್ಯನೊಬ್ಬನನ್ನು ಕಳುಹಿಸಿಕೊಡಲಾಯಿತೋ ಆ ಅನಾಹುತ ತಪ್ಪಲಿಲ್ಲ.

ಒಂಬತ್ತು ಎಂಬ ಈ ಸಂಖ್ಯೆ ಇದೇ ಕ್ಲಬ್ಬಿನ ಇತಿಹಾಸದಲ್ಲಿ ಮೊದಲೂ ಒಮ್ಮೆ ಬಂದಿತ್ತು. 2019ರಲ್ಲಿ ಬೆಂಗಳೂರಿಗೆ ಐಎಸ್‌ಎಲ್ ಪ್ರಶಸ್ತಿಯನ್ನು ತಂದುಕೊಟ್ಟ ಕಾರ್ಲೆಸ್ ಕ್ವಾದ್ರಾತ್, ಮೊದಲು ಸಹಾಯಕರಾಗಿಯೂ ಆಮೇಲೆ ಮುಖ್ಯ ತರಬೇತುದಾರರಾಗಿಯೂ ನಾಲ್ಕು ವರ್ಷಕ್ಕೂ ಮಿಗಿಲಾಗಿ ದುಡಿದವರು, 2021ರ ಜನವರಿ 6ರಂದು, ಸಾಲಾಗಿ ಮೂರು ಪಂದ್ಯ ಸೋತ ಕಾರಣಕ್ಕೆ ಹೊರನಡೆಯಬೇಕಾಯಿತು. ಅಲ್ಲಿಯವರೆಗಿನ ಒಂಬತ್ತು ಪಂದ್ಯಗಳಲ್ಲಿ ಅವರು ಗಳಿಸಿಕೊಟ್ಟಿದ್ದುದು ಹನ್ನೆರಡು ಅಂಕ. ಅವರು ಹೋದ ಮೇಲಿನ ಹನ್ನೊಂದು ಪಂದ್ಯಗಳಲ್ಲಿ ತಂಡಕ್ಕೆ ದೊರೆತದ್ದು ಹತ್ತೇ ಅಂಕ. ಈ ಲೆಕ್ಕವನ್ನು ಮಾಡುವುದಕ್ಕೆ ಪ್ರಾಥಮಿಕ ಶಾಲೆಯ ಗಣಿತ ಸಾಕು. ಅದೇ ಕ್ವಾದ್ರಾತ್ ಅನಂತರ ಕೊಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಹೋಗಿ, ಹನ್ನೆರಡು ವರ್ಷಗಳಿಂದ ರಾಷ್ಟ್ರೀಯ ಪ್ರಶಸ್ತಿಯ ಮುಖ ಕಾಣದಿದ್ದ ಆ ಹಳೆಯ ಸಂಸ್ಥೆಗೆ 2024ರ ಜನವರಿಯಲ್ಲಿ ಸೂಪರ್ ಕಪ್ಪನ್ನು ಗೆದ್ದುಕೊಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಹೊಸ ಋತುವಿನ ಮೊದಲ ಮೂರು ಪಂದ್ಯಗಳನ್ನು ಸೋತೊಡನೆ, ಅಲ್ಲಿಂದಲೂ ಹೊರಬಂದರು. ಬೆಂಗಳೂರಿನಲ್ಲಿ ಒಂಬತ್ತು ಪಂದ್ಯಗಳಿದ್ದ ಅವಧಿ ಕೊಲ್ಕತ್ತೆಯಲ್ಲಿ ಮೂರಕ್ಕೆ ಇಳಿದಿತ್ತು.

ಆಡಳಿತಗಾರರ ಪರವಾಗಿ ಹೇಳತಕ್ಕ ಮಾತುಗಳಿವೆ, ಅವುಗಳನ್ನು ನಾನು ಲಘುವಾಗಿ ಕಾಣುವುದಿಲ್ಲ. ಈ ದೇಶದಲ್ಲಿ ಫುಟ್‌ಬಾಲ್ ಕ್ಲಬ್ ನಡೆಸುವುದು ಲಾಭದ ವ್ಯವಹಾರವಲ್ಲ. ಹಣ ಹಾಕಿದವನಿಗೆ ಮಾತನಾಡುವ ಅಧಿಕಾರವಿದೆ. ಋತುವಿನ ನಡುವೆ ಇಪ್ಪತ್ತೈದು ಆಟಗಾರರನ್ನು ಬದಲಿಸುವುದಕ್ಕೆ ಆಗುವುದಿಲ್ಲ, ಒಬ್ಬ ತರಬೇತುದಾರನನ್ನು ಬದಲಿಸಬಹುದು ಎಂಬ ವಾದವನ್ನೂ ಕೇಳಿದ್ದೇನೆ. ಆದರೆ ಈ ಎರಡನೆಯ ವಾದವನ್ನು ಬಿಡಿಸಿ ನೋಡಿದರೆ ಅದು ಹೇಳುವುದೇನು? ತಪ್ಪು ಯಾರದೆಂದು ವಿಚಾರಿಸಿದ್ದಲ್ಲ, ಯಾರನ್ನು ಸುಲಭವಾಗಿ ತೆಗೆಯಬಹುದೆಂದು ವಿಚಾರಿಸಿದ್ದು. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತೆ, ಆಟಗಾರರ ಆಯ್ಕೆಯಲ್ಲಿ ಆದ ಪ್ರಮಾದಗಳು, ಗಾಯಾಳುಗಳ ಸಂಖ್ಯೆ, ಮುಪ್ಪಿನತ್ತ ಸರಿಯುತ್ತಿರುವ ಹಿರಿಯರಿಗೆ ಬದಲಿಯನ್ನು ಹುಡುಕದೆ ಕಳೆದ ಕಾಲ, ಇವೆಲ್ಲಕ್ಕೂ ಸೇರಿ ಒಬ್ಬನ ಕೊರಳನ್ನು ಒಡ್ಡಲಾಗುತ್ತದೆ. ಪುನರ್ನಿರ್ಮಾಣದ ಯೋಜನೆಗೆ ಒಪ್ಪಿಗೆಯಿತ್ತ ನಿರ್ದೇಶಕರಲ್ಲಿ ಯಾರೊಬ್ಬರಾದರೂ ಒಂಬತ್ತನೆಯ ಪಂದ್ಯದ ಮರುದಿನ ರಾಜೀನಾಮೆ ಕೊಟ್ಟುದನ್ನು ನಾನಂತೂ ಕೇಳಿಲ್ಲ.

ಇನ್ನೊಂದು ಸಂಗತಿಯಿದೆ, ಇದನ್ನು ನಮ್ಮ ಕ್ರೀಡಾ ವರದಿಗಾರರು ಅಷ್ಟಾಗಿ ಎತ್ತಿ ಆಡುವುದಿಲ್ಲ. ಯೂರೋಪಿನ ಕ್ಲಬ್ಬುಗಳು ಋತುವಿನ ಮಧ್ಯದಲ್ಲಿ ತರಬೇತುದಾರರನ್ನು ತೆಗೆಯುವುದಕ್ಕೆ ಒಂದು ಭಯಂಕರವಾದ ಕಾರಣವಿದೆ: ಪಟ್ಟಿಯ ತಳದಲ್ಲಿ ಉಳಿದವರು ಕೆಳದರ್ಜೆಗೆ ಬೀಳುತ್ತಾರೆ, ಬಿದ್ದವರ ವರಮಾನ ಒಂದೇ ವರ್ಷದಲ್ಲಿ ಕರಗಿಹೋಗುತ್ತದೆ, ನೂರಾರು ನೌಕರರ ಅನ್ನಕ್ಕೆ ಸಂಚಕಾರ ಬರುತ್ತದೆ. ನಮ್ಮ ಐಎಸ್‌ಎಲ್‌ನಲ್ಲಿ, ನಾನು ಹೇಳುತ್ತಿರುವ ಈ ಋತುಗಳಲ್ಲೆಲ್ಲ, ಕೆಳದರ್ಜೆಗೆ ಇಳಿಯುವುದೆಂಬುದೇ ಇರಲಿಲ್ಲ. ಹತ್ತನೆಯವನೂ ಹನ್ನೆರಡನೆಯವನೂ ಮರುವರ್ಷ ಅದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳುತ್ತಿದ್ದರು. ಹೊಳೆಯೇ ಇಲ್ಲದ ಕಡೆ ಮುಳುಗುವ ಭಯವೆಲ್ಲಿಯದು? ಹೀಗಿರುವಾಗ ಯೂರೋಪಿನ ರೋಗವಿಲ್ಲದೆಯೂ ಯೂರೋಪಿನ ಕಹಿ ಔಷಧವನ್ನು ಕುಡಿಯುವುದು ಯಾವ ವಿವೇಕವೆಂದು ನನಗೆ ತಿಳಿಯದು. ತಂಡವನ್ನು ಎರಡು ಮೂರು ವರ್ಷಗಳ ಕಾಲ ನಿಶ್ಚಿಂತೆಯಿಂದ ಕಟ್ಟಿಕೊಳ್ಳುವ ಭಾಗ್ಯ ಲೋಕದಲ್ಲಿ ಯಾರಿಗಾದರೂ ಇದ್ದರೆ ಅದು ನಮ್ಮ ಕ್ಲಬ್ಬುಗಳಿಗೆ ಇತ್ತು, ಮತ್ತು ಆ ಭಾಗ್ಯವನ್ನು ಅವು ಮೈದಾನದ ಸುತ್ತಲಿನ ಕೂಗಿಗೆ ಹೆದರಿ ಚೆಲ್ಲಿದವು.

ನಮ್ಮ ಕಡೆಯ ಒಕ್ಕಲಿಗನು ಮುಂಗಾರಿನಲ್ಲಿ ಹೆಸರನ್ನೂ ತೊಗರಿಯನ್ನೂ ಒಂದೇ ಹೊಲದಲ್ಲಿ ಬಿತ್ತುತ್ತಾನೆ. ಹೆಸರು ಎರಡು, ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ಅದನ್ನು ಬಿಡಿಸಿಕೊಂಡ ಹೊತ್ತಿಗೆ ತೊಗರಿಯು ಇನ್ನೂ ಹೂವನ್ನು ಸಹ ಬಿಟ್ಟಿರುವುದಿಲ್ಲ. ಹೆಸರಿನ ರಾಶಿ ಆದ ದಿನ ತೊಗರಿಯ ಸಾಲಿಗೆ ಕುಡುಗೋಲು ಹಾಕುವವನನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಡ್ಯುರಾಂಡ್ ಕಪ್ಪಿನಂಥ ಪ್ರಶಸ್ತಿಗಳು ಹೆಸರಿನ ಬೆಳೆ. ಮೂವತ್ತೈದು ದಾಟಿದ ಸುನಿಲ್ ಛೇತ್ರಿಯ ಸುತ್ತ ಹೆಣೆದ ತಂಡವನ್ನು ಬಿಚ್ಚಿ, ಹದಿನೆಂಟು ಇಪ್ಪತ್ತರ ಹುಡುಗರ ಸುತ್ತ ಮತ್ತೆ ಹೆಣೆಯುವುದು ತೊಗರಿಯ ಬೆಳೆ. ಯಾವುದನ್ನು ಬಿತ್ತಿದ್ದೇವೆಂದು ಬಿತ್ತಿದವನಿಗೆ ನೆನಪಿರಬೇಕಷ್ಟೆ.

ಮುಂಬಯಿ ಎಫ್‌ಸಿ ಎಂಬ, ಮುಂಬಯಿ ಸಿಟಿಯಲ್ಲದ ಬೇರೊಂದು ಕ್ಲಬ್ ಇತ್ತು; ಬಿತ್ತಿದ್ದನ್ನು ಮರೆತವರಿಗೆ ಅದೊಂದು ನಿದರ್ಶನ. ಹೆಚ್ಚಿನ ಹಣವಿಲ್ಲದ ಆ ತಂಡವನ್ನು ಖಾಲಿದ್ ಜಮೀಲ್ 2009ರಿಂದ ಏಳು ವರ್ಷ ನಡೆಸಿದರು. ಒಂದು ಪ್ರಶಸ್ತಿಯೂ ಬರಲಿಲ್ಲ, ಆದರೆ ತಂಡವು, ಕೆಳದರ್ಜೆಗೆ ಇಳಿಯುವ ಭಯವಿದ್ದ ಐ-ಲೀಗಿನಿಂದ ಕೆಳಗೆ ಬೀಳಲೂ ಇಲ್ಲ. 2016ರಲ್ಲಿ ಅವರನ್ನು ಬಿಟ್ಟುಕೊಟ್ಟರು. ಮರುವರ್ಷವೇ ಜಮೀಲ್ ಮಿಜೋರಾಮಿನ ಪುಟ್ಟ ತಂಡವಾದ ಐಜಾಲ್ ಎಫ್‌ಸಿಗೆ ಐ-ಲೀಗ್ ಪ್ರಶಸ್ತಿಯನ್ನು ಗೆದ್ದುಕೊಟ್ಟರು. ಅದೇ ಋತುವಿನಲ್ಲಿ ಮುಂಬಯಿ ಎಫ್‌ಸಿ ಕೊನೆಯ ಸ್ಥಾನಕ್ಕೆ ಬಿದ್ದು ಲೀಗಿನಿಂದಲೇ ಹೊರಗಾಯಿತು, ಕೆಲವೇ ಕಾಲದಲ್ಲಿ ಕ್ಲಬ್ಬೇ ಇಲ್ಲದಂತಾಯಿತು. 2025ರ ಆಗಸ್ಟಿನಲ್ಲಿ ಭಾರತ ತಂಡದ ಹೊಣೆ ಹೊತ್ತವರು ಅದೇ ಜಮೀಲ್.

ಇದಕ್ಕೂ ಹಿಂದಿನ, ನಮಗೆ ಇನ್ನೂ ಹತ್ತಿರದ ನಿದರ್ಶನವೊಂದುಂಟು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಈ ಭಾಗವು ಹೈದರಾಬಾದ್ ರಾಜ್ಯದ ಗುಲಬರ್ಗಾ ಜಿಲ್ಲೆಗೆ ಸೇರಿತ್ತು. ಓದಿಗೋ ಕಚೇರಿ ಕೆಲಸಕ್ಕೋ ಹೈದರಾಬಾದಿಗೆ ಹೋಗಿ ಬರುತ್ತಿದ್ದ ನಮ್ಮ ತಂದೆಯವರ ತಲೆಮಾರಿನವರು ಅಲ್ಲಿಯ ಸಿಟಿ ಪೊಲೀಸ್ ತಂಡದ ಕಥೆಗಳನ್ನು ಹಬ್ಬದ ಊಟದ ಬಗ್ಗೆ ಮಾತನಾಡುವ ಉತ್ಸಾಹದಿಂದ ಹೇಳುತ್ತಿದ್ದರು. 1950ರಿಂದ 1954ರವರೆಗೆ ಸತತವಾಗಿ ಐದು ಸಲ ರೋವರ್ಸ್ ಕಪ್ ಗೆದ್ದ ಆ ತಂಡವನ್ನು ರೂಪಿಸಿದವರು ಸೈಯದ್ ಅಬ್ದುಲ್ ರಹೀಮ್, ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ರಹೀಮರ ಭಾರತ ತಂಡವು ಯುಗೊಸ್ಲಾವಿಯದ ಕೈಯಲ್ಲಿ 10-1 ಗೋಲುಗಳ ಪರಾಭವವನ್ನು ಅನುಭವಿಸಿತು. ಹತ್ತು ಗೋಲುಗಳು! ಇಂದಿನ ಪದ್ಧತಿಯಂತಾದರೆ ಅವರ ಹೆಸರನ್ನು ಮರುದಿನ ಬೆಳಗಾಗುವುದರೊಳಗೆ ಅಳಿಸಿಬಿಡುತ್ತಿದ್ದರು. ಆದರೆ ಆ ಕಾಲದವರು ಸೋಲಿನ ಕಾರಣವನ್ನು ಹುಡುಕಿದರು, ಬರಿಗಾಲಿನ ಆಟವನ್ನು ಬಿಟ್ಟು ಬೂಟು ಕಡ್ಡಾಯವೆಂದರು. 1956ರಲ್ಲಿ ಮೆಲ್ಬರ್ನಿಗೆ ಹೊರಟ ತಂಡವನ್ನು ಮತ್ತೆ ರಹೀಮರಿಗೇ ಒಪ್ಪಿಸಿದರು. ಆ ತಂಡವು ಆಸ್ಟ್ರೇಲಿಯವನ್ನು 4-2 ಅಂತರದಿಂದ ಸೋಲಿಸಿ ನಾಲ್ಕನೆಯ ಸ್ಥಾನವನ್ನು ಪಡೆಯಿತು. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ, ಕ್ಯಾನ್ಸರು ಮೈಯನ್ನು ತಿನ್ನುತ್ತಿದ್ದಾಗಲೂ ತಂಡದ ಜೊತೆಯಲ್ಲಿದ್ದ ರಹೀಮರು, ಮೊದಲ ಪಂದ್ಯದಲ್ಲಿ ತಮ್ಮನ್ನು ಸೋಲಿಸಿದ್ದ ದಕ್ಷಿಣ ಕೊರಿಯವನ್ನೇ ಅಂತಿಮ ಪಂದ್ಯದಲ್ಲಿ 2-1ರಿಂದ ಸೋಲಿಸಿ ಚಿನ್ನದ ಪದಕವನ್ನು ತಂದರು, ಮರುವರ್ಷ ತೀರಿಕೊಂಡರು. ರಹೀಮರಂಥ ಪ್ರತಿಭೆ ಅಪರೂಪವೆಂಬುದು ನಿಜ. ಆದರೆ ಪ್ರತಿಭೆಯು ಹೆಲ್ಸಿಂಕಿಯಿಂದ ಮೆಲ್ಬರ್ನಿನವರೆಗೆ ಬದುಕಿ ಉಳಿಯುವುದಕ್ಕೆ ಅವಕಾಶ ಕೊಟ್ಟ ವ್ಯವಸ್ಥೆಯೂ ಅಷ್ಟೇ ಅಪರೂಪವಾಗಿಬಿಟ್ಟಿದೆ.

ಬೆಂಗಳೂರಿಗೆ ಮರಳುತ್ತೇನೆ. ಗ್ರೇಸನ್ನರ ಸ್ಥಾನಕ್ಕೆ ಬಂದವರು, ಹಿಂದೆ ಇದೇ ಕ್ಲಬ್ಬಿನಲ್ಲಿ ಸಹಾಯಕರಾಗಿದ್ದ ಸ್ಪೇನಿನ ಜೆರಾರ್ಡ್ ಝಾರಗೋಝಾ. ಹತ್ತನೆಯ ಸ್ಥಾನದ ಅವಮಾನದ ನಂತರವೂ 2024ರ ಬೇಸಿಗೆಯಲ್ಲಿ ಅವರನ್ನು ಉಳಿಸಿಕೊಂಡದ್ದು ಆಡಳಿತವು ಮಾಡಿದ ಪುಣ್ಯದ ಕೆಲಸ, ಅದನ್ನು ಮನಸಾರೆ ಹೊಗಳುತ್ತೇನೆ. ಪೂರ್ವಸಿದ್ಧತೆಗೆ ಪೂರ್ತಿ ಕಾಲ ದೊರೆತ ಆ ಮನುಷ್ಯನು ಮುಂದಿನ ಋತುವಿನಲ್ಲಿ ತಂಡವನ್ನು ಮೂರನೆಯ ಸ್ಥಾನಕ್ಕೆ ಏರಿಸಿ, 2025ರ ಮಾರ್ಚಿನಲ್ಲಿ, ನಾಲ್ಕು ಗೋಲುಗಳ ಸೋಲಾಗಿದ್ದ ಅದೇ ಕಂಠೀರವದಲ್ಲಿ, ಅದೇ ಮುಂಬಯಿಯನ್ನು 5-0 ಅಂತರದಿಂದ ಸೋಲಿಸಿ, ಏಪ್ರಿಲ್ 12ರ ಅಂತಿಮ ಪಂದ್ಯದಲ್ಲಿ ಹೆಚ್ಚುವರಿ ಸಮಯದವರೆಗೆ ಮೋಹನ್ ಬಾಗಾನಿನೊಡನೆ ಹೋರಾಡಿದ ತಂಡವನ್ನು ಕಟ್ಟಿಕೊಟ್ಟನು. 2022-23ರಲ್ಲಿ ಗ್ರೇಸನ್ನರ ವಿಷಯದಲ್ಲಿ ತಾಳಿದಾಗಲೂ ಫಲ ಸಿಕ್ಕಿತು, ಝಾರಗೋಝಾ ವಿಷಯದಲ್ಲಿ ತಾಳಿದಾಗಲೂ ಸಿಕ್ಕಿತು; ತಾಳದೆ ಹೋದ 2021ರಲ್ಲಿಯೂ 2023ರಲ್ಲಿಯೂ ಋತು ಉಳಿಯಲಿಲ್ಲ.

ಈ ತಾಳ್ಮೆಯು ನಿರ್ದೇಶಕರ ಮನಃಸ್ಥಿತಿಯನ್ನು ಅವಲಂಬಿಸಿರಕೂಡದು, ಒಪ್ಪಂದದ ಅಕ್ಷರಗಳಲ್ಲಿ ಇರಬೇಕು ಎಂಬುದೇ ನನ್ನ ವಾದ. ಅನುಚಿತ ವರ್ತನೆ, ಆಟಗಾರರ ಮೇಲಿನ ದಬ್ಬಾಳಿಕೆ, ಕರ್ತವ್ಯಲೋಪ, ಇಂಥವಕ್ಕೆ ಯಾವ ದಿನ ಬೇಕಾದರೂ ತೆಗೆಯಲಿ, ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆಂದು ಕ್ಲಬ್ಬು ತಾನೇ ಸಾರಿದ ಮೇಲೆ, ಕೇವಲ ಸೋಲಿನ ಕಾರಣಕ್ಕಾಗಿ ಎರಡು ಪೂರ್ಣ ಋತುಗಳವರೆಗೆ ತರಬೇತುದಾರನನ್ನಾಗಲಿ, ಅವನೊಡನೆ ಬಂದ ಸಹಾಯಕರನ್ನಾಗಲಿ ತೆಗೆಯತಕ್ಕದ್ದಲ್ಲ ಎಂಬ ಒಂದು ವಾಕ್ಯ ಆ ಪತ್ರದಲ್ಲಿ ಸೇರಲಿ. 2025ರ ಆಗಸ್ಟಿನಲ್ಲಿ, ಲೀಗ್ ನಡೆಯುವುದೋ ಇಲ್ಲವೋ ಎಂಬ ಅನಿಶ್ಚಯದ ನಡುವೆ, ಇದೇ ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿದಾಗ, ಈ ಆಟವನ್ನು ನಂಬಿ ಸಂಸಾರ ಹೂಡಿದವರ ಬದುಕು ಎಷ್ಟು ತೆಳುವಾದ ದಾರದಲ್ಲಿ ನೇತಾಡುತ್ತಿದೆ ಎಂಬುದು ಎಲ್ಲರ ಕಣ್ಣಿಗೂ ಬಿತ್ತು. ಆ ಸುದ್ದಿಯನ್ನು ಓದಿ ಹೇಳಲು ನನ್ನ ತಂಗಿಯ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ. ಅವನ ಮೇಸ್ತ್ರಿಯೂ ಆ ತಿಂಗಳ ಬಟವಾಡೆಯನ್ನು ನಿಲ್ಲಿಸಿದ್ದನಂತೆ. "ಮಾಮಾ, ಅವರ ಪಗಾರನೂ ನಿಂತದ ನೋಡ್ರಿ" ಎಂದು ಅವನು ಹೇಳಿದ ದನಿಯಲ್ಲಿ, ತಾನು ಟಿಕೆಟು ಕೊಂಡು ದೂರದಿಂದ ನೋಡುತ್ತಿದ್ದ ಆ ನೀಲಿ ಅಂಗಿಯವರು ಮೊದಲ ಸಲ ತನ್ನ ಪಕ್ಕಕ್ಕೆ ಬಂದು ಕುಳಿತಂತೆ ಇತ್ತು.