ತರಗತಿಯ ಹೊಸ್ತಿಲೂ ಹೆತ್ತವರೂ

ಮಳೆಗಾಲದ ಮೊದಲ ಮೋಡಗಳು ಪಡುಗಡಲಿನ ಮೇಲೆ ಕವಿಯುವ ಹೊತ್ತಿಗೆ ನಮ್ಮ ಕರಾವಳಿಯ ಪಾಠಶಾಲೆಗಳು ತೆರೆಯುತ್ತವೆ. ಹೊಸ ಕೊಡೆ, ಹೊಸ ಚೀಲ, ಕಾಗದದ ಹೊದಿಕೆ ಹಾಕಿದ ಪುಸ್ತಕಗಳೊಡನೆ ಬಾಲಿಕೆಯರು ಬರುತ್ತಾರೆ. ಅವರ ಬೆನ್ನಹಿಂದೆ ಹೆತ್ತವರೂ ಬರುತ್ತಾರೆ. ಆದರೆ ಅವರಲ್ಲಿ ಬಹುಮಂದಿ ಗೇಟಿನ ಬಳಿಯಲ್ಲಿಯೇ ಮಗಳ ಕೈಬಿಟ್ಟು ಹಿಂದಿರುಗಿಬಿಡುತ್ತಾರೆ. ಹೆಚ್ಚೆಂದರೆ ಫೀಸು ಕಟ್ಟುವ ಕಿಟಕಿಯ ತನಕ ಬರುವುದುಂಟು. ಮಗಳು ವರ್ಷವೆಲ್ಲ ಕುಳಿತುಕೊಳ್ಳುವ ಬೆಂಚು ಯಾವುದು, ಅಲ್ಲಿಂದ ಕರಿಹಲಗೆ ಎಷ್ಟು ದೂರ, ಅವಳ ಪಕ್ಕದಲ್ಲಿ ಕೂಡುವವಳು ಯಾರು ಎಂಬುದನ್ನು ಕಣ್ಣಾರೆ ಕಂಡ ತಾಯಿ ಅಪರೂಪ. ಶಾಲೆಗಳು ಇದನ್ನು ಸಹಜವೆಂದೇ ಎಣಿಸಿಕೊಂಡು ಬಂದಿವೆ. ಇದು ಸಹಜವೂ ಅಲ್ಲ, ಸರಿಯೂ ಅಲ್ಲ ಎಂಬುದು ನಮ್ಮ ಅಭಿಪ್ರಾಯವಾಗಿರುತ್ತದೆ. ಈ ಸ್ಮರಣ ಸಂಚಿಕೆಯಲ್ಲಿ ಹಳೆಯ ವಿದ್ಯಾರ್ಥಿನಿಯರ ಕೀರ್ತಿಯನ್ನೂ ಪರೀಕ್ಷೆಗಳ ಫಲವನ್ನೂ ಕುರಿತು ಬರೆಯುವವರು ಅನೇಕರಿರುವರು. ನಾವು ಹೈಸ್ಕೂಲಿನ ಕೆಳಗಣ ಪ್ರಾಥಮಿಕ ವಿಭಾಗದ ಮೂರನೆಯ ತರಗತಿಯ ಹೊಸ್ತಿಲನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಮೂರನೆಯ ತರಗತಿಯೇ ಏಕೆಂದು ವಾಚಕರು ಕೇಳಬಹುದು. ಮೊದಲೆರಡು ವರ್ಷಗಳಲ್ಲಿ ಮಗು ಓದುವುದನ್ನು ಕಲಿಯುತ್ತದೆ. ಮೂರನೆಯ ವರ್ಷದಿಂದ ಓದಿ ಕಲಿಯತೊಡಗುತ್ತದೆ. ಈ ಎರಡಕ್ಕೂ ಬಹಳ ಅಂತರವಿದೆ. ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಇವುಗಳನ್ನು ಹೇಗೋ ದಾಟಿಬಂದ ಬಾಲಿಕೆಗೆ ಇಲ್ಲಿ ಉದ್ದವಾದ ಪಾಠಗಳು ಎದುರಾಗುತ್ತವೆ. ಒತ್ತಕ್ಷರವೊಂದು ತಪ್ಪಿದರೆ ‘ಕತ್ತೆ’ಯು ‘ಕತೆ’ಯಾಗುವುದು, ಅನಂತರ ಪಾಠದ ಅರ್ಥವೇ ಕೈಬಿಟ್ಟುಹೋಗುವುದು. ಲೆಕ್ಕದಲ್ಲಿಯೂ ಹಾಗೆಯೇ. ಮೂರು ಅಂಕೆಗಳ ಸಂಖ್ಯೆಗಳು, ಎರವಲು ತೆಗೆದು ಕಳೆಯುವುದು, ಮಗ್ಗಿ, ಭಾಗಾಕಾರದ ಮೊದಲ ಪರಿಚಯ, ಇವೆಲ್ಲ ಒಟ್ಟಿಗೆ ಬರುತ್ತವೆ. ಇಲ್ಲಿ ಹಿಂದೆ ಬಿದ್ದ ಹುಡುಗಿ ಗಲಾಟೆ ಮಾಡುವುದಿಲ್ಲ. ಅವಳು ಮೌನವಾಗಿ ಹಿಂದಿನ ಬೆಂಚಿಗೆ ಸರಿಯುತ್ತಾಳೆ, ಪಕ್ಕದವಳ ಪುಸ್ತಕವನ್ನು ನೋಡಿ ಅಂದವಾಗಿ ನಕಲು ಮಾಡುತ್ತಾಳೆ, ತರಗತಿಯಿಂದ ತರಗತಿಗೆ ಸಾಗುತ್ತಾಳೆ. ಹೈಸ್ಕೂಲಿಗೆ ಬಂದಾಗ ‘ಇವಳಿಗೆ ಬುದ್ಧಿ ಸಾಲದು’ ಎಂಬ ಮಾತು ಹುಟ್ಟುತ್ತದೆ. ಸಾಲದೆ ಹೋದದ್ದು ಬುದ್ಧಿಯಲ್ಲ. ಎಂಟನೆಯ ವಯಸ್ಸಿನಲ್ಲಿ ಅವಳ ಕಡೆಗೆ ಬೀಳಬೇಕಾಗಿದ್ದ ದೃಷ್ಟಿ.

ಇದು ನಮ್ಮ ಊಹೆ ಮಾತ್ರವಲ್ಲ. ಭಾರತದ ಗ್ರಾಮಾಂತರ ಪ್ರದೇಶಗಳ ಮಕ್ಕಳ ಓದನ್ನು ಅಳೆಯುವ ‘ಅಸರ್’ ಎಂಬ ವರದಿಯು 2024ರಲ್ಲಿ ಕಂಡುಕೊಂಡ ಪ್ರಕಾರ, ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ನೂರಕ್ಕೆ ಸುಮಾರು 27 ಮಂದಿ ಮಾತ್ರ. ಕಳೆಯುವ ಲೆಕ್ಕವನ್ನು ಮಾಡಬಲ್ಲವರು ಮೂರನೆಯ ಒಂದು ಪಾಲಿನಷ್ಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರನೆಯ ತರಗತಿಯೊಳಗಾಗಿ ಪ್ರತಿಯೊಂದು ಮಗುವಿಗೂ ಓದು, ಬರಹ, ಲೆಕ್ಕಗಳ ಬುನಾದಿ ಸಿದ್ಧಿಸಬೇಕೆಂದು ಹೇಳಿದ್ದೂ, 2021ರಲ್ಲಿ ಅದಕ್ಕಾಗಿಯೇ ‘ನಿಪುಣ್ ಭಾರತ್’ ಎಂಬ ಯೋಜನೆ ಹೊರಟದ್ದೂ ಈ ಕಾರಣದಿಂದಲೇ. ಆದರೆ ದಿಲ್ಲಿಯಲ್ಲಿ ಹೊರಟ ಯೋಜನೆಯು ಒಬ್ಬ ಬಾಲಿಕೆಯನ್ನು ಮುಟ್ಟಬೇಕಾದರೆ ಅವಳ ಮನೆಯ ಅಡುಗೆಮನೆಯನ್ನು ಹಾದು ಬರಬೇಕು. ಆ ದಾರಿಯನ್ನು ತೆರೆಯತಕ್ಕವರು ತರಗತಿಯ ಉಪಾಧ್ಯಾಯಿನಿಯರೇ.

ಹೆಣ್ಣುಮಕ್ಕಳ ಶಾಲೆಗಳ ಚರಿತ್ರೆಯನ್ನು ನೋಡಿದರೆ ಈ ಮಾತು ಹೊಸದೇನೂ ಅಲ್ಲ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ಬಾಲಿಕೆಯರಿಗೆ ಪಾಠ ಹೇಳಲು ಹೊರಟಾಗಲೂ, 1881ರಲ್ಲಿ ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆಯು ಹುಟ್ಟಿದಾಗಲೂ ಹೆಣ್ಣಿಗೆ ಓದು ಏತಕ್ಕೆಂಬ ಪ್ರಶ್ನೆ ಮನೆಮನೆಯಲ್ಲಿಯೂ ಇತ್ತು. ತಾಯಿತಂದೆಗಳ ಮನಸ್ಸನ್ನು ಒಲಿಸಿಕೊಳ್ಳದೆ ಒಂದು ಬೆಂಚೂ ತುಂಬುತ್ತಿರಲಿಲ್ಲ. ಇಂದು ಬೆಂಚುಗಳು ತಾವಾಗಿಯೇ ತುಂಬುತ್ತವೆ. ಬೆಂಚು ತುಂಬಿತೆಂದು ನಾವು ತಾಯಿತಂದೆಗಳನ್ನು ಮರೆತೆವು.

2009ರ ಶಿಕ್ಷಣ ಹಕ್ಕಿನ ಕಾಯಿದೆಯು ಉಪಾಧ್ಯಾಯರ ಕರ್ತವ್ಯಗಳನ್ನು ಎಣಿಸುವಾಗ, ಅವರು ಹೆತ್ತವರೊಡನೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿ ಮುಂತಾದವುಗಳನ್ನು ತಿಳಿಸತಕ್ಕದ್ದೆಂದು ವಿಧಿಸಿದೆ. ಇದು ಒಳ್ಳೆಯ ವಿಧಿ. ಆದರೆ ಇದರಲ್ಲಿ ಕರ್ತವ್ಯದ ಅರ್ಧವೇ ಇದೆ. ಉಪಾಧ್ಯಾಯಿನಿ ಹೇಳತಕ್ಕವಳು, ತಾಯಿ ಕೇಳತಕ್ಕವಳು ಎಂದಷ್ಟೇ ಆಯಿತು. ತಾಯಿ ಹೇಳಬೇಕು, ಉಪಾಧ್ಯಾಯಿನಿ ಕೇಳಬೇಕು ಎಂಬ ಉಳಿದರ್ಧವನ್ನು ಯಾವ ಕಾಯಿದೆಯೂ ಬರೆಯಲಾರದು. ಅದು ನಮ್ಮ ಸೌಜನ್ಯಕ್ಕೆ ಸೇರಿದ್ದು. ಎಂಟು ವರ್ಷ ಒಂದು ಮಗುವನ್ನು ಸಾಕಿದವಳಿಗೆ ಆ ಮಗುವಿನ ವಿಷಯದಲ್ಲಿ ತಿಳಿದಿರುವುದು, ಎಂಟು ದಿನ ಅದನ್ನು ಕಂಡ ನಮಗೆ ತಿಳಿದಿರಲು ಸಾಧ್ಯವೇ?

ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳ ಸಭೆಯ ದಿನ ಒಬ್ಬ ತಾಯಿ ಸಭೆ ಮುಗಿಯುವ ತನಕ ಜಗಲಿಯಲ್ಲಿ ಒದ್ದೆ ಕೊಡೆಯನ್ನು ಹಿಡಿದು ನಿಂತಿದ್ದರು. ಒಳಗೆ ಬನ್ನಿರೆಂದು ಕರೆದರೆ ನಕ್ಕು ಹಿಂದೆ ಸರಿದರು. ಆಸಕ್ತಿ ಇಲ್ಲದವರೆಂದು ನಾವು ಭಾವಿಸಿದೆವು. ಎಲ್ಲರೂ ಹೋದ ಮೇಲೆ ಅವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಟೀಚರೇ, ನನಗೆ ರುಜು ಹಾಕಲು ಬಾರದು. ಮಗಳ ಮುಂದೆ ಹೆಬ್ಬೆಟ್ಟು ಒತ್ತಲು ನಾಚಿಕೆಯಾಯಿತು” ಎಂದರು. ಬಾಗಿಲಲ್ಲಿಯೇ ಮೇಜಿನ ಮೇಲೆ ಹಾಜರಿ ಪುಸ್ತಕವನ್ನೂ ಶಾಯಿಯ ಪೆಟ್ಟಿಗೆಯನ್ನೂ ಇರಿಸಿದ್ದವರು ನಾವೇ. ಸ್ವಾಗತವೆಂದು ತೋರಣ ಕಟ್ಟಿ, ಅದರ ಕೆಳಗೆ ನಾವೇ ಒಂದು ಅಡ್ಡಗೋಡೆಯನ್ನು ಕಟ್ಟಿದಂತಾಗಿತ್ತು. ಆ ದಿನದಿಂದ ಆ ಪುಸ್ತಕ ಬಾಗಿಲಿಗೆ ಬಂದಿಲ್ಲ. ಬಂದವರ ಹೆಸರನ್ನು ನಾವೇ ಬರೆದುಕೊಳ್ಳುತ್ತೇವೆ.

‘ಓದುಬಾರದ ತಾಯಿ ತರಗತಿಗೆ ಬಂದು ಮಾಡುವುದೇನು?’ ಎಂದು ಕೇಳುವವರುಂಟು. ಅವರಿಗೆ ಒಂದು ಲೆಕ್ಕವನ್ನೇ ಉತ್ತರವಾಗಿ ಕೊಡುತ್ತೇವೆ. 500ರಿಂದ 245ನ್ನು ಕಳೆಯಬೇಕು. ಮೂರನೆಯ ತರಗತಿಯಲ್ಲಿ ಹಲವು ಮಕ್ಕಳು ಇದಕ್ಕೆ 345 ಎಂದು ಉತ್ತರ ಬರೆಯುತ್ತಾರೆ. ಇದು ಅಜಾಗರೂಕತೆಯಲ್ಲ. ಸೊನ್ನೆಯಿಂದ ಐದನ್ನು ಕಳೆಯಲಾಗದೆಂದು ಕಂಡು, ಮಗು ಪ್ರತಿಯೊಂದು ಸಾಲಿನಲ್ಲಿಯೂ ದೊಡ್ಡದರಿಂದ ಸಣ್ಣದನ್ನು ಕಳೆದಿದೆ. ತಪ್ಪಾದರೂ ಅದಕ್ಕೊಂದು ನಿಯಮವಿದೆ. ಇದನ್ನರಿಯದ ತಂದೆ ಕೆಂಪು ಗೆರೆಯನ್ನು ನೋಡಿ ಗದರಿಸುವನು. ಮಗು ಲೆಕ್ಕಕ್ಕೆ ಹೆದರುವುದು. ಇನ್ನು ಮಾರುಕಟ್ಟೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಕೂಡುವ ತಾಯಿಯನ್ನು ನೋಡಿರಿ. 245 ರೂಪಾಯಿಯ ಮೀನು ಕೊಂಡವರು 500ರ ನೋಟನ್ನು ಚಾಚಿದರೆ ಆಕೆ ಎರವಲನ್ನೂ ತೆಗೆಯುವುದಿಲ್ಲ, ಕಾಗದವನ್ನೂ ಹುಡುಕುವುದಿಲ್ಲ. 250ಕ್ಕೆ ಐದು, 300ಕ್ಕೆ ಐವತ್ತು, 500ಕ್ಕೆ ಇನ್ನೂರು. ಒಟ್ಟು 255 ಎಂದು ಎಣಿಸಿ ಕೈಗಿಡುತ್ತಾಳೆ. ಬೀಡಿ ಕಟ್ಟುವ ತಾಯಿಗೆ ಇಪ್ಪತ್ತೈದರ ನಲವತ್ತು ಕಟ್ಟುಗಳಾದರೆ ಸಾವಿರವೆಂಬುದು ಬೆರಳ ತುದಿಯಲ್ಲಿದೆ. ಈ ತಾಯಂದಿರು ತರಗತಿಗೆ ಬಂದು ಮಕ್ಕಳ ಮುಂದೆ ಒಂದು ಗಳಿಗೆ ತಮ್ಮ ಲೆಕ್ಕವನ್ನು ಬಾಯಿಂದ ಹೇಳಿದರೆ ಸಾಕು, ಪುಸ್ತಕದ ಲೆಕ್ಕಕ್ಕೆ ಜೀವ ಬರುವುದು. ಅದಕ್ಕಿಂತ ಹೆಚ್ಚಾಗಿ, ತನ್ನ ತಾಯಿಗೆ ವಿದ್ಯೆ ಇಲ್ಲವೆಂದು ನಾಚಿದ ಬಾಲಿಕೆಯು ತಲೆಯೆತ್ತಿ ಕುಳಿತುಕೊಳ್ಳುವಳು.

ಭಾಷೆಯ ವಿಷಯದಲ್ಲಿಯೂ ಇಂಥದೇ ಸಂಕೋಚವಿದೆ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮುಂತಾದ ಭಾಷೆಗಳನ್ನು ಆಡುತ್ತಾರೆ. ಶಾಲೆಯಲ್ಲಿ ಕನ್ನಡ, ಅದರ ಜೊತೆಗೆ ಇಂಗ್ಲಿಷು. ‘ಮನೆಯಲ್ಲಿ ತುಳು ಆಡಿದರೆ ಮಗಳ ಓದು ಕೆಡುವುದೇ?’ ಎಂದು ತಾಯಂದಿರು ಅಂಜುತ್ತ ಕೇಳುವುದುಂಟು. ಕೆಡುವುದಿಲ್ಲ. ಅಜ್ಜಿಯಿಂದ ತುಳುವಿನಲ್ಲಿ ಕತೆ ಕೇಳಿ, ಮುಂದೇನಾಯಿತೆಂದು ಪ್ರಶ್ನಿಸಲು ಕಲಿತ ಮಗು ಕನ್ನಡದ ಪಾಠದಲ್ಲಿಯೂ ಅದನ್ನೇ ಪ್ರಶ್ನಿಸುವುದು. ಬರದ ಭಾಷೆಯಲ್ಲಿ ಎರಡು ಮಾತನ್ನು ತಡವರಿಸುವುದಕ್ಕಿಂತ ಬರುವ ಭಾಷೆಯಲ್ಲಿ ಮನದಣಿಯೆ ಮಾತಾಡುವುದು ಮೇಲು. ಶಾಲೆಯವರು ಸಹ ಈಗ ಮೊಬೈಲಿನಲ್ಲಿ ಇಂಗ್ಲಿಷಿನ ಉದ್ದುದ್ದದ ಸೂಚನೆಗಳನ್ನು ಕಳುಹಿಸಿ, ಹೆತ್ತವರಿಗೆ ತಿಳಿಸಿಯಾಯಿತೆಂದು ಕೈತೊಳೆದುಕೊಳ್ಳಬಾರದು. ಅದೇ ಯಂತ್ರದಲ್ಲಿ ಮನೆಮಾತಿನಲ್ಲಿ ದನಿಯನ್ನು ತುಂಬಿ ಕಳುಹಿಸಲಿಕ್ಕೂ ಬರುತ್ತದಲ್ಲವೇ?

ಹಾಗಾದರೆ ಹೊಸ ವರ್ಷದ ಸ್ವಾಗತವು ಹೇಗಿರಬೇಕು? ಅತಿಥಿಗಳ ಭಾಷಣವೂ ಹೂಮಾಲೆಯೂ ವಾರ್ಷಿಕೋತ್ಸವಕ್ಕೆ ಇರಲಿ. ಈ ದಿನ ಹೆತ್ತವರು ತಮ್ಮ ಮಗಳ ಬೆಂಚಿನಲ್ಲಿಯೇ ಕುಳಿತುಕೊಳ್ಳಲಿ; ಮಗಳೇ ಅವರಿಗೆ ತರಗತಿಯನ್ನು ತೋರಿಸಲಿ. ದಿನಗೂಲಿಯವರ ಸಂಬಳ ಮುರಿಯದಂತೆ ಸಭೆಯು ಸಂಜೆಯಲ್ಲಿಯೋ ರಜೆಯ ದಿನದಲ್ಲಿಯೋ ನಡೆಯಲಿ. ಯಾವ ಮಗುವಿನ ಅಂಕಗಳನ್ನೂ ಎಲ್ಲರ ಮುಂದೆ ಓದಬಾರದು. ಹಣದ ಮಾತನ್ನಂತೂ ಎತ್ತಲೇಬಾರದು. ನಮ್ಮ ಕಡಲತೀರದಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲಾಯಿ 31ರ ವರೆಗೆ ಮೀನುಗಾರಿಕೆ ನಿಷಿದ್ಧ. ಶಾಲೆ ತೆರೆದು ಖರ್ಚು ಏರುವ ಆ ಎರಡು ತಿಂಗಳುಗಳೇ ಅನೇಕ ಮನೆಗಳಲ್ಲಿ ಗಳಿಕೆ ಇಳಿಯುವ ತಿಂಗಳುಗಳು. ಫೀಸಿನ ಬಾಕಿಯನ್ನು ನೆನಸಿಕೊಂಡು ಗೇಟಿನಿಂದಲೇ ಹಿಂದಿರುಗುವ ತಾಯಿಗೆ, ಇಂದು ಬಾಕಿಯ ವಿಚಾರವಿಲ್ಲವೆಂಬ ಭರವಸೆ ಮುಂಚೆಯೇ ಮುಟ್ಟಬೇಕು. ಕೊನೆಯಲ್ಲಿ ಉಪಾಧ್ಯಾಯಿನಿಯು ಒಬ್ಬೊಬ್ಬರನ್ನಾಗಿ ಕಂಡು ಮೂರು ಪ್ರಶ್ನೆಗಳನ್ನು ಕೇಳಲಿ: ಮಗಳು ಮನೆಯಲ್ಲಿ ಯಾವುದನ್ನು ಸಂತೋಷದಿಂದ ಮಾಡುತ್ತಾಳೆ? ಯಾವುದಕ್ಕೆ ಅಂಜುತ್ತಾಳೆ? ಅವಳ ಮಾತನ್ನು ಕುಳಿತು ಕೇಳುವವರು ಯಾರು?

ಉಪಾಧ್ಯಾಯಿನಿಯರಿಗೆ ಇಷ್ಟಕ್ಕೆಲ್ಲ ಬಿಡುವೆಲ್ಲಿ ಎಂಬ ಆಕ್ಷೇಪವನ್ನು ನಾವು ಹಗುರಾಗಿ ಎಣಿಸುವುದಿಲ್ಲ. ದಾಖಲೆಗಳ ಭಾರವನ್ನು ಹೊತ್ತವರೇ ನಾವು. ಆದರೂ ಲೆಕ್ಕ ಹಾಕಿ ನೋಡೋಣ. ಪ್ರಾಥಮಿಕ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಉಪಾಧ್ಯಾಯಿನಿ ಎಂಬುದು ಕಾಯಿದೆಯ ಪ್ರಮಾಣ. ಮಗುವೊಂದಕ್ಕೆ ಐದು ನಿಮಿಷದಂತೆ ಎರಡೂವರೆ ಗಂಟೆಯಾಯಿತು. ಮಕ್ಕಳು ಇನ್ನೂ ಹೆಚ್ಚಿದ್ದರೆ ಎರಡು ಸಂಜೆಗಳಾಗಲಿ. ವರ್ಷವೆಲ್ಲ ಕಾರಣ ತಿಳಿಯದೆ ಬೆನ್ನಟ್ಟುವ ತೊಂದರೆಗಳು ಆ ಒಂದೆರಡು ಸಂಜೆಗಳಲ್ಲಿ ಎಷ್ಟೋ ಬಗೆಹರಿಯುತ್ತವೆ. ಒಬ್ಬಳಿಗೆ ದೂರದ ಅಕ್ಷರ ಕಾಣಿಸದು; ಇನ್ನೊಬ್ಬಳು ಬೆಳಗ್ಗೆ ತಮ್ಮನನ್ನು ನೋಡಿಕೊಂಡು ಓಡೋಡಿ ಬರುತ್ತಾಳೆ. ಇದನ್ನು ತಿಳಿಯದೆ ನಾವು ಮೊದಲಿನವಳನ್ನು ಸೋಮಾರಿ ಎಂದೂ ಎರಡನೆಯವಳನ್ನು ಶಿಸ್ತಿಲ್ಲದವಳೆಂದೂ ಕರೆದುಬಿಡುತ್ತೇವೆ.

ಇನ್ನು ಹೆತ್ತವರಲ್ಲಿ ನಮ್ಮದೊಂದು ಬಿನ್ನಹ. ದಿನಕ್ಕೆ ಅರ್ಧ ಗಂಟೆ ಮಗಳ ಬಳಿಯಲ್ಲಿ ಕುಳಿತು ಅವಳು ಓದುವುದನ್ನು ಕೇಳಿರಿ. ನಿಮಗೆ ಓದುಬಾರದಿದ್ದರೂ ಚಿಂತೆಯಿಲ್ಲ. ‘ಇದರಲ್ಲಿ ಏನು ಹೇಳಿದೆ, ಮಗಳೇ?’ ಎಂದು ಕೇಳಿದರೆ ಅರ್ಥವಾಗಿದೆಯೋ ಇಲ್ಲವೋ ನಿಮಗೇ ತಿಳಿಯುವುದು. ಆ ಹೊತ್ತಿನಲ್ಲಿ ಅವಳ ಮಡಿಲಿಗೆ ಬೀಡಿಯ ಗೆರಸೆಯನ್ನಾಗಲಿ ಕೂಸನ್ನಾಗಲಿ ಕೊಡಬೇಡಿರಿ. ಮದುವೆ, ನೇಮ, ಹಬ್ಬ, ನೆಂಟರ ಬರವು ಎಂದು ಹುಡುಗನನ್ನು ಶಾಲೆಗೆ ಕಳುಹಿಸಿ ಹುಡುಗಿಯನ್ನು ಮಾತ್ರ ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿರಿ. ತಪ್ಪಿದ ಲೆಕ್ಕಕ್ಕಾಗಿ ಹೊಡೆಯಬೇಡಿರಿ. ನೆರೆಮನೆಯ ಹುಡುಗಿಯೊಡನೆ ಹೋಲಿಸಬೇಡಿರಿ. ನಮ್ಮಲ್ಲಿ ತಪ್ಪು ಕಂಡರೆ ನಮಗೇ ಹೇಳಿರಿ, ಗೇಟಿನ ಹೊರಗೆ ಹೇಳಬೇಡಿರಿ.

ಮೂರನೆಯ ತರಗತಿಯ ಬೆಂಚುಗಳು ತಗ್ಗು. ದೊಡ್ಡವರಿಗೆ ಮೊಣಕಾಲು ಮಡಚಿ ಕುಳಿತುಕೊಳ್ಳುವುದು ತುಸು ಕಷ್ಟವೇ. ಆದರೂ ಒಂದು ಸಂಜೆ ಅಲ್ಲಿ ಕುಳಿತು ಕರಿಹಲಗೆಯ ಕಡೆಗೆ ನೋಡಿದರೆ ಮಗಳ ಲೋಕವು ಅವಳ ಎತ್ತರದಿಂದಲೇ ಕಾಣಿಸುವುದು. ಈ ವರ್ಷ ಶಾಲೆ ತೆರೆದಾಗ ಗೇಟಿನಿಂದ ಹಿಂದಿರುಗಬೇಡಿರಿ. ಒದ್ದೆ ಕೊಡೆಯನ್ನು ಜಗಲಿಯ ಮೂಲೆಯಲ್ಲಿ ಇರಿಸಿ ಒಳಗೆ ಬನ್ನಿರಿ. ಬಾಗಿಲಲ್ಲಿ ರುಜುವಿನ ಪುಸ್ತಕವಿಲ್ಲ. ನಿಮ್ಮ ಮಗಳು ಇರುತ್ತಾಳೆ, ನಾವೂ ಇರುತ್ತೇವೆ.