ಹಲ್ಲಿರುವ ಮೀನಿಗೂ ಅಡಗಲು ಜಾಗ ಬೇಕು

ಪಿರಾನ್ಹಾ ಸಾಕಿದವರ ದೂರು ಕೇಳಿದರೆ ನಗು ಬರುತ್ತದೆ. ಕಚ್ಚಿತು ಎಂದಲ್ಲ, ‘ಮೂಲೆ ಬಿಟ್ಟು ಹೊರಗೇ ಬರಲ್ಲ ಮಾರಾಯ’ ಎಂದು. ಟ್ಯಾಂಕಿನ ಹಿಂಬದಿಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ಕೋಣೆಯ ಲೈಟು ಹಾಕಿದರೆ ಸಾಕು, ದಿಕ್ಕೆಟ್ಟು ಓಡಿ ಗಾಜಿಗೆ ಮೂತಿ ಬಡಿದುಕೊಳ್ಳುತ್ತವೆ. ಒಂದೆರಡು ಪಕ್ಕಕ್ಕೆ ವಾಲಿ ಸತ್ತಂತೆ ಮಲಗಿಬಿಡುವುದೂ ಉಂಟು. ಗೆಳೆಯರಿಗೆ ತೋರಿಸಲು ‘ನರಭಕ್ಷಕ’ನನ್ನು ತಂದವನಿಗೆ ಇದಕ್ಕಿಂತ ಅವಮಾನ ಬೇಕೆ? ಆಗ ಅವನ ಚಿಕಿತ್ಸೆ ಶುರು. ಗಾಜು ತಟ್ಟುವುದು, ಎರಡು ದಿನ ಉಪವಾಸ ಕೆಡವುವುದು, ಜೀವಂತ ಗೋಲ್ಡ್‌ಫಿಶ್ ಒಳಗೆ ಬಿಟ್ಟು ಮೊಬೈಲ್ ಹಿಡಿದು ಕಾಯುವುದು.

ನನ್ನ ವಾದ ಇಷ್ಟೇ: ಆ ಮೀನಿಗೆ ಧೈರ್ಯ ಕಲಿಸುವ ಅಗತ್ಯವಿಲ್ಲ. ಅದು ಹೆದರುತ್ತಿರುವುದು ಸರಿಯಾಗಿಯೇ ಇದೆ. ನಾಲ್ಕೂ ಕಡೆ ಬಯಲು, ತಲೆಯ ಮೇಲೆ ಪ್ರಖರ ಬೆಳಕು, ಎದುರಿಗೆ ದೊಡ್ಡ ದೊಡ್ಡ ಮುಖಗಳು. ಇಂಥ ಜಾಗದಲ್ಲಿ ಹೆದರದ ಮೀನೇ ದಡ್ಡ ಮೀನು. ಬದಲಾಗಬೇಕಾದದ್ದು ಟ್ಯಾಂಕು, ಅದರ ಜೊತೆಗೆ ಟ್ಯಾಂಕಿನ ಎದುರು ನಾವು ನಡೆದುಕೊಳ್ಳುವ ರೀತಿ.

ಈ ಮೀನಿಗೆ ಕೆಟ್ಟ ಹೆಸರು ತಂದವರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಪ್ರಮುಖರು. ಬ್ರೆಜಿಲ್ ಕಾಡು ಸುತ್ತಿ ಬಂದು 1914ರಲ್ಲಿ ಬರೆದ ಪುಸ್ತಕದಲ್ಲಿ ಪಿರಾನ್ಹಾವನ್ನು ಜಗತ್ತಿನ ಕ್ರೂರ ಮೀನೆಂಬಂತೆ ಚಿತ್ರಿಸಿದರು. 1978ರಲ್ಲಿ ಹಾಲಿವುಡ್ ಅದೇ ಹೆಸರಿನ ಸಿನಿಮಾ ಮಾಡಿತು. ಅಲ್ಲಿಂದ ಮುಂದೆ, ಗುಂಪಾಗಿ ಈಜುವ ಈ ಮೀನು ಗುಂಪಾಗಿಯೇ ಬೇಟೆಯಾಡುತ್ತದೆ ಎಂದು ಎಲ್ಲರೂ ನಂಬಿದರು.

ಅಮೆಜಾನಿನ ಮಮಿರೌವಾ ಸಂರಕ್ಷಿತ ಪ್ರದೇಶದಲ್ಲಿ ಕೆಂಪು ಹೊಟ್ಟೆಯ ಪಿರಾನ್ಹಾಗಳನ್ನು ಗಮನಿಸಿದ ಹೆಲ್ಡರ್ ಕೇರೋಸ್ ಮತ್ತು ಆ್ಯನ್ ಮಗರನ್ ಎಂಬ ವಿಜ್ಞಾನಿಗಳಿಗೆ ಕಂಡದ್ದು ಬೇರೆ. ಕೈಮನ್ ಮೊಸಳೆ, ನದಿ ಡಾಲ್ಫಿನ್, ನೀರುಕಾಗೆ ಎಲ್ಲವೂ ಈ ಮೀನನ್ನು ತಿನ್ನುತ್ತವೆ. ಗುಂಪು ಕಟ್ಟುವುದು ದಾಳಿಗಲ್ಲ, ಜೀವ ಉಳಿಸಿಕೊಳ್ಳಲು. 2005ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಅಳೆದದ್ದು ಮೀನಿನ ಉಸಿರಾಟ, ಅಂದರೆ ಕಿವಿರಿನ ಮುಚ್ಚಳ ಎಷ್ಟು ಬೇಗ ಬೇಗ ಬಡಿಯುತ್ತದೆ ಎಂಬುದು. ಎರಡೇ ಇದ್ದಾಗ ಏದುಸಿರು. ಎಂಟು ಒಟ್ಟಿಗಿದ್ದಾಗ ಉಸಿರು ನಿಧಾನ. ನೀರುಕಾಗೆಯ ದಾಳಿಯಂತೆ ಹೆದರಿಸಿ ನೋಡಿದಾಗಲೂ ದೊಡ್ಡ ಗುಂಪಿನ ಮೀನುಗಳೇ ಬೇಗ ಸುಧಾರಿಸಿಕೊಂಡವು.

ಸಾಕುವವರಿಗೆ ಇದರಲ್ಲೇ ಅರ್ಧ ಉತ್ತರವಿದೆ. ‘ಸದ್ಯಕ್ಕೆ ಎರಡು ಸಾಕು’ ಎಂದು ತರುವುದು ಮೊದಲ ತೊಂದರೆ. ಎರಡು ಮೂರಿದ್ದಲ್ಲಿ ಬಲವಾದದ್ದು ಉಳಿದವುಗಳ ರೆಕ್ಕೆ ಕಚ್ಚುತ್ತದೆ, ಕಚ್ಚಿಸಿಕೊಂಡದ್ದು ಮೂಲೆ ಸೇರುತ್ತದೆ. ಐದಾರಾದರೂ ಇರಬೇಕು. ಆದರೆ ಬೆಳೆದ ಪಿರಾನ್ಹಾ ಸುಮಾರು 30 ಸೆಂಟಿಮೀಟರ್ ಆಗುತ್ತದೆ. ಐದಾರಕ್ಕೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕಾದರೂ ಬೇಕು. ಅದಕ್ಕೆ ಹಿಡಿಯುವ ನೀರು ಸುಮಾರು 680 ಲೀಟರ್. ನೀರೊಂದರ ತೂಕವೇ ಏಳು ಕ್ವಿಂಟಲಿಗೆ ಹತ್ತಿರ. ಪಿ.ಜಿ.ಯಲ್ಲೋ ಮೂರನೇ ಮಹಡಿಯ ಬಾಡಿಗೆ ರೂಮಿನಲ್ಲೋ ಇರುವವರು ಮೀನಿನ ಬೆಲೆ ಕೇಳುವ ಮೊದಲು ಈ ಲೆಕ್ಕ ಹಾಕಬೇಕು.

ಜಾಗವಿದೆ ಎಂದುಕೊಳ್ಳೋಣ. ಮೀನು ಮುದುಡಿದ್ದರೆ ಮೊದಲು ನೀರು ಪರೀಕ್ಷಿಸಿ. ಅಮೋನಿಯಾ ಹೆಚ್ಚಾದರೂ ಕಿವಿರು ಹೀಗೆಯೇ ಬಡಿಯುತ್ತದೆ, ನಾವು ಅದನ್ನು ಭಯ ಎಂದುಕೊಳ್ಳುತ್ತೇವೆ. ಪರೀಕ್ಷೆಯ ಕಿಟ್ ಅಕ್ವೇರಿಯಂ ಅಂಗಡಿಯಲ್ಲೇ ಸಿಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೆಗೆಯದೆ ಹಾಕಬಾರದು. ಬಿಸಿ 24ರಿಂದ 28 ಡಿಗ್ರಿಯೊಳಗಿರಲಿ. ಡಿಸೆಂಬರಿನ ಬೆಂಗಳೂರಿನಲ್ಲಿ ಹೀಟರ್ ಬೇಕಾಗುತ್ತದೆ.

ಆಮೇಲೆ ಮರೆ. ಅಮೆಜಾನಿನ ತಗ್ಗು ಕಾಡುಗಳು ಪ್ರತಿವರ್ಷ ನೆರೆಯಲ್ಲಿ ಮುಳುಗುತ್ತವೆ. ಆಗ ಈ ಮೀನುಗಳು ಮರದ ಕಾಂಡ, ಕೊಂಬೆಗಳ ನಡುವೆ, ಕಲಕಿದ ನೀರಿನಲ್ಲಿ, ನೆರಳಿನಲ್ಲಿ ಓಡಾಡುತ್ತವೆ. ನಮ್ಮ ಟ್ಯಾಂಕಿನಲ್ಲಿ ಇರುವುದೇನು? ಬಿಳಿ ಕಲ್ಲು, ನೀಲಿ ಎಲ್‌ಇಡಿ, ಗುಳ್ಳೆ ಬಿಡುವ ಪ್ಲಾಸ್ಟಿಕ್ ಅಸ್ಥಿಪಂಜರ. (ಅಸ್ಥಿಪಂಜರ ಇಡುವವರ ಅಭಿರುಚಿಯ ಬಗ್ಗೆ ಇಲ್ಲಿ ಚರ್ಚೆ ಬೇಡ.) ಹಿಂಬದಿಗೂ ಎರಡು ಪಕ್ಕಗಳಿಗೂ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ. ಅರ್ಧ ದಿನದ ಕೆಲಸ, ಖರ್ಚೂ ಹೆಚ್ಚಿಲ್ಲ. ತಳಕ್ಕೆ ಗಾಢ ಬಣ್ಣದ ಮರಳು, ಮೀನು ಹಿಂದೆ ಹೋಗಿ ನಿಲ್ಲುವಷ್ಟು ದೊಡ್ಡದಾದ ಮರದ ತುಂಡುಗಳು, ಮೇಲೆ ತೇಲುವ ಅಂತರಗಂಗೆ. ಅಂತರಗಂಗೆ ಬೆಳಕನ್ನು ಸೋಸುತ್ತದೆ, ಕೊಳೆಯನ್ನೂ ಹೀರುತ್ತದೆ. ಆದರೆ ಬೇಗ ಹಬ್ಬುವ ಗಿಡ. ಕಿತ್ತು ತೆಗೆದದ್ದನ್ನು ಚರಂಡಿಗೆ ಎಸೆಯಬೇಡಿ, ಒಣಗಿಸಿ.

ಮರೆ ಕೊಟ್ಟರೆ ಮೀನು ಅಲ್ಲೇ ಅಡಗಿ ಕೂರುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆಗುವುದು ಇದರ ಉಲ್ಟಾ. ಓಡಿ ಅಡಗಲು ಜಾಗವಿದೆ ಎಂದು ಗೊತ್ತಿರುವ ಮೀನೇ ಬಯಲಿಗೆ ಬರುತ್ತದೆ. ಮನೆಗೆ ಹೊಸದಾಗಿ ತಂದ ಬೆಕ್ಕಿನ ಮರಿ ಮಂಚದಡಿ ಇದ್ದು ಇದ್ದು ತಾನಾಗಿ ಹೊರಬರುವುದಿಲ್ಲವೇ, ಹಾಗೆ.

ಬೆಳಕಿನ ವಿಷಯದಲ್ಲಿ ಒಂದು ಚಿಕ್ಕ ಅಭ್ಯಾಸ ಸಾಕು. ಬೆಳಿಗ್ಗೆ ಮೊದಲು ಕಿಟಕಿ ಪರದೆ, ಆಮೇಲೆ ಕೋಣೆಯ ದೀಪ, ಸ್ವಲ್ಪ ಹೊತ್ತಿನ ನಂತರ ಟ್ಯಾಂಕಿನ ದೀಪ. ರಾತ್ರಿ ಇದೇ ಕ್ರಮ ಹಿಂದುಮುಂದು. ಕಗ್ಗತ್ತಲಲ್ಲಿ ಫಕ್ಕನೆ ದೀಪ ಹೊತ್ತಿದಾಗಲೇ ಮೀನು ಗಾಜಿಗೆ ಬಡಿದುಕೊಳ್ಳುವುದು. ಟ್ಯಾಂಕು ಬಾಗಿಲ ಪಕ್ಕದಲ್ಲಾಗಲೀ ನೆಲದ ಮಟ್ಟದಲ್ಲಾಗಲೀ ಇರಬಾರದು. ಮೇಲಿನಿಂದ ಬಗ್ಗುವ ಮನುಷ್ಯನಿಗೂ ಎರಗುವ ಹಕ್ಕಿಗೂ ಮೀನಿನ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣಲಿಕ್ಕಿಲ್ಲ. ತಿಂಡಿ ದಿನವೂ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ: ಸಿಪ್ಪೆ ಬಿಡಿಸಿದ ಸಿಗಡಿ, ಮೀನಿನ ತುಂಡು. ಹಾಕಿ ದೂರ ಸರಿಯಿರಿ, ಉಳಿದದ್ದನ್ನು ಆಮೇಲೆ ತೆಗೆಯಿರಿ. ಜೀವಂತ ಗೋಲ್ಡ್‌ಫಿಶ್ ಹಾಕಿದರೆ ರೋಗ ಬರಬಹುದೇ ಹೊರತು ಧೈರ್ಯ ಬರುವುದಿಲ್ಲ.

ಉಳಿದದ್ದು ಕಾಯುವ ಕೆಲಸ. ದಿನಗಟ್ಟಲೆ ಅಲ್ಲ, ವಾರಗಟ್ಟಲೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಹೇಳಿಮಾಡಿಸಿದ್ದು. ಟ್ಯಾಂಕಿನಿಂದ ಮೂರು ನಾಲ್ಕು ಅಡಿ ದೂರ ಕುರ್ಚಿ ಹಾಕಿ ದಿನಾ ಒಂದು ಗಂಟೆ ಸುಮ್ಮನೆ ಓದಿ. ಮೀನಿನ ಕಡೆ ನೋಡಲೂ ಬೇಡಿ. ನಿಮ್ಮ ಆಕಾರ ಅವಕ್ಕೆ ಗೋಡೆಯಷ್ಟೇ ಮಾಮೂಲಾಗಬೇಕು. ಸುಧಾರಿಸುತ್ತಿದೆಯೇ ಎಂದು ತಿಳಿಯಲು ವಿಜ್ಞಾನಿಗಳ ಉಪಾಯವೇ ಸಾಕು: ಕೂತಲ್ಲಿಂದಲೇ ಒಂದು ಮೀನಿನ ಕಿವಿರು ನಿಮಿಷಕ್ಕೆ ಎಷ್ಟು ಸಲ ಬಡಿಯಿತೆಂದು ಎಣಿಸಿ, ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಡಿ. ಅಷ್ಟಾಗಿಯೂ ನೀವು ಎದ್ದಾಗ ಕೆಲವು ಮೀನು ಬೆಚ್ಚುತ್ತವೆ. ಅದನ್ನೂ ‘ಸರಿಮಾಡಲು’ ಹೋಗಬೇಡಿ.

ಇನ್ನೊಂದು ಮಾತು. ವಿದೇಶದಿಂದ ಜೀವಂತ ಮೀನು ತರಿಸಲು ಸರ್ಕಾರದ ಅನುಮತಿ ಬೇಕು. ನಮ್ಮ ಅಂಗಡಿಗಳಲ್ಲಿ ‘ರೆಡ್ ಬೆಲ್ಲಿ ಪಿರಾನ್ಹಾ’ ಎಂದು ಮಾರುವ ಮರಿಗಳು ಬಹುಪಾಲು ಪಾಕು, ಅಂದರೆ ಮೀನು ಮಾರುಕಟ್ಟೆಯಲ್ಲಿ ರೂಪ್‌ಚಂದ್ ಎನ್ನುವ ಮೀನು. ಪಿರಾನ್ಹಾದ ಹಲ್ಲು ತ್ರಿಕೋನ, ಚೂಪು. ಪಾಕುವಿನದು ನಮ್ಮ ದವಡೆ ಹಲ್ಲಿನಂತೆ ಚಪ್ಪಟೆ. ಕಾಳು, ಹಣ್ಣು ಅಗಿಯುವ ಈ ಮೀನೂ ಅಷ್ಟೇ ಪುಕ್ಕಲು, ಆದರೆ ಪಿರಾನ್ಹಾಕ್ಕಿಂತ ಎಷ್ಟೋ ದೊಡ್ಡದಾಗುತ್ತದೆ. ಬೆಳೆದ ಮೇಲೆ ಎರಡಡಿ ಟ್ಯಾಂಕಿನಲ್ಲಿ ತಿರುಗಲೂ ಆಗುವುದಿಲ್ಲ. ರೂಮು ಖಾಲಿ ಮಾಡುವ ದಿನ ಬರುತ್ತದೆ, ಕೆರೆ ನೆನಪಾಗುತ್ತದೆ. 2018ರ ನೆರೆಯ ನಂತರ ಕೇರಳದ ನದಿಗಳಲ್ಲಿ ಪಾಕು, ಅರಪೈಮಾದಂಥ ಹೊರಗಿನ ಮೀನುಗಳು ಸಿಕ್ಕಿದ್ದವು. ಕೆರೆಗೆ ಬಿಡುವುದು ಬೇಡವೇ ಬೇಡ. ತರುವ ಮೊದಲೇ, ದೊಡ್ಡದಾದ ಮೀನನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಕೇಳಿ. ಇಲ್ಲ ಎಂದರೆ ಕೈಬೀಸಿಕೊಂಡು ಮನೆಗೆ ಬನ್ನಿ.